ಮಾಲ್ಟಾದಲ್ಲಿ ಡೈವಿಂಗ್: ನಾನು ಮುಳುಗಿ ಎದ್ದ ಜಾಗಗಳು

ಯುಗಾದಿಗೆ ಅಂತ ಊರಿಗೆ ಬಂದಿದೀನಿ, ಕೋಲಾರದ ನರಸಾಪುರದ ಹತ್ರ ನಮ್ಮ ಹಳ್ಳಿ. ಬಂದ ದಿನದಿಂದ ಅಕ್ಕನ ಮಗಂದು ಒಂದೇ ರಾಗ, ಮಾಮ ನೀರೊಳಗೆ ಉಸಿರಾಡೋದು ಹೇಗೆ, ಒಳಗೆ ಕತ್ಲೆ ಇರುತ್ತಾ, ಮೀನು ಕಚ್ಚುತ್ತಾ. ಅಮ್ಮಂದು ಇನ್ನೊಂದು, "ಇರೋ ಕೆಲಸ ಮಾಡ್ಕೊಂಡು ತೆಪ್ಪಗಿರೋದು ಬಿಟ್ಟು ಸಮುದ್ರದಡೀಲಿ ಏನಪ್ಪಾ ಹುಡುಕ್ತೀಯಾ?" ಕೆಲಸಕ್ಕೆ ಅಂತ ಮಾಲ್ಟಾಗೆ ಹೋಗಿ ಎರಡು ವರ್ಷ ಆಯ್ತು, ರಜೆ ಸಿಕ್ಕಾಗೆಲ್ಲ ನಾನು ಹೋಗೋದು ಡೈವಿಂಗಿಗೇ. ಫ್ರೆಂಡ್ಸೂ ಮೂರ್ನಾಲ್ಕು ಜನ ಫೋನ್ ಮಾಡಿ ಕೇಳಿದ್ರು, ಅದಕ್ಕೆ ಎಲ್ಲರಿಗೂ ಸೇರಿಸಿ ಒಂದೇ ಸಲ ಬರೀತಿದೀನಿ.

ಮಾಲ್ಟಾ ಅಂದ್ರೆ ಇಟಲಿಯ ಸಿಸಿಲಿ ಕೆಳಗಿರೋ ದ್ವೀಪಗಳ ದೇಶ. ಮಾಲ್ಟಾ, ಗೋಜೋ, ಕೊಮಿನೋ ಎಲ್ಲ ಸೇರಿಸಿದ್ರೂ 316 ಚದರ ಕಿಲೋಮೀಟರ್, ನಮ್ಮ ಕೋಲಾರ ತಾಲ್ಲೂಕಿಗಿಂತ ಚಿಕ್ಕದು. ಅಲ್ಲಿಗೆ ಹೋದ್ಮೇಲೆ ನಂಗೆ ಮೊದಲು ಹೊಡೆದಿದ್ದು ಏನಂದ್ರೆ ಅಲ್ಲೂ ವರ್ಷಪೂರ್ತಿ ಹರಿಯೋ ನದಿ ಇಲ್ಲ! ನಮ್ಮ ಥರಾನೇ ಒಣ ನೆಲ, ಹಳೇ ಮನೆಗಳಲ್ಲಿ ಮಳೆನೀರು ಹಿಡಿಯೋಕೆ ಬಾವಿ, ಅವರ ಭಾಷೇಲಿ ಬಾವಿಗೆ ಬೀರ್ ಅಂತಾರೆ. ನಲ್ಲಿ ನೀರಲ್ಲಿ ಅರ್ಧಕ್ಕಿಂತ ಹೆಚ್ಚು ಸಮುದ್ರದ ನೀರನ್ನೇ ಉಪ್ಪು ತೆಗೆದು ಕೊಡೋದು. ಆದ್ರೆ ಡೈವರ್‌ಗಳಿಗೆ ಈ ಬರಾನೇ ವರ. ಸಮುದ್ರಕ್ಕೆ ಮಣ್ಣು ಹೊತ್ಕೊಂಡು ಬರೋ ನದಿ ಇಲ್ಲ, ನೆಲ ಎಲ್ಲ ಸುಣ್ಣದ ಕಲ್ಲು, ಅದಕ್ಕೇ ನೀರು ಕನ್ನಡಿ ಥರ, ಒಳ್ಳೆ ದಿನ 30 ಮೀಟರ್ ದೂರದಲ್ಲಿರೋದೂ ಕಾಣುತ್ತೆ. ಇನ್ನೊಂದು, ಬಹಳಷ್ಟು ಜಾಗಕ್ಕೆ ಬೋಟೇ ಬೇಡ, ಕಾರ್ ನಿಲ್ಲಿಸಿ ಸಿಲಿಂಡರ್ ಬೆನ್ನಿಗೆ ಹಾಕ್ಕೊಂಡು ದಡದಿಂದ ನಡ್ಕೊಂಡೇ ಇಳೀಬಹುದು. ಯಾವ ಜಾಗ ಅಂತ ನಿರ್ಧಾರ ಮಾಡೋದು ಗಾಳಿ, ಉತ್ತರದಿಂದ ಬೀಸಿದ್ರೆ ದಕ್ಷಿಣದ ದಡಕ್ಕೆ, ದಕ್ಷಿಣದಿಂದ ಬೀಸಿದ್ರೆ ಉತ್ತರಕ್ಕೆ.

ನಾನು ಈಜು ಕಲ್ತಿದ್ದು ನಮ್ಮ ಹೊಲದ ಬಾವೀಲಿ, ಒಳ್ಳೆ ಮಳೆ ಆದ ಒಂದು ವರ್ಷ ಅಪ್ಪ ಬೆನ್ನಿಗೆ ಸೋರೆಬುರುಡೆ ಕಟ್ಟಿ ಮೇಲಿಂದ ತಳ್ಳಿದ್ರು. ಆಮೇಲೆ ಆ ಬಾವಿ ಬತ್ತೋಯ್ತು, ಬೋರ್ 1000 ಅಡಿ ಕೊರೆಸಿದ್ರೂ ಬರೀ ಧೂಳೇ ಬಂತು. ಈಜು ಬರುತ್ತಲ್ಲ ಅಂತ ಧೈರ್ಯವಾಗಿ ಕೋರ್ಸಿಗೆ ಸೇರ್ಕೊಂಡೆ, ಆದ್ರೆ ಡೈವಿಂಗಲ್ಲಿ ಕಲೀಬೇಕಾಗಿದ್ದು ಈಜಲ್ಲ, ಉಸಿರು. ಉಸಿರು ಹಿಡಿಯಲೇಬಾರದು, ಅದು ಮೊದಲನೇ ನಿಯಮ. 10 ಮೀಟರ್ ಕೆಳಗೆ ಹೋದ್ರೆ ಒತ್ತಡ ಮೇಲಿನದಕ್ಕೆ ಎರಡು ಪಟ್ಟಾಗುತ್ತೆ, ಅಲ್ಲಿ ಎದೆ ತುಂಬ ಗಾಳಿ ಎಳ್ಕೊಂಡು ಉಸಿರು ಬಿಗಿಹಿಡಿದು ಮೇಲಕ್ಕೆ ಬಂದ್ರೆ ಆ ಗಾಳಿ ಹಿಗ್ಗಿ ಶ್ವಾಸಕೋಶಾನೇ ಹರಿದುಬಿಡಬಹುದು. ಇಳಿಯೋವಾಗ ಪ್ರತಿ ಮೀಟರಿಗೂ ಮೂಗು ಹಿಡ್ಕೊಂಡು ಮೆಲ್ಲಗೆ ಊದಬೇಕು, ಕಿವಿ ಪಟ್ ಅನ್ನುತ್ತೆ, ಅನ್ನದೇ ಇದ್ರೆ ಸ್ವಲ್ಪ ಮೇಲೆ ಬಂದು ಮತ್ತೆ ಊದಬೇಕು. ನೆಗಡಿ ಇದ್ದಾಗ ಇಳೀಬೇಡಿ. ನಾನು ಒಂದ್ಸಲ ಇಳಿದು ನಾಲ್ಕು ದಿನ ಕಿವಿ ಕೇಳಿಸದೆ ಒದ್ದಾಡಿದೀನಿ.

ಓಪನ್ ವಾಟರ್ ಅನ್ನೋ ಮೊದಲನೇ ಕೋರ್ಸ್ ಮುಗಿಸಿದೋರು 18 ಮೀಟರ್ ತನಕ ಹೋಗಬಹುದು. ಅವರಿಗೆ ನಾನು ಮೊದಲು ಹೇಳೋದು ರಾಜಧಾನಿ ವಲೆಟ್ಟಾದಲ್ಲಿರೋ ಎಚ್‌ಎಂಎಸ್ ಮಾವೊರಿ. ಎರಡನೇ ಮಹಾಯುದ್ಧದ ಬ್ರಿಟಿಷ್ ಹಡಗು, ಬಿಸ್ಮಾರ್ಕ್ ಅನ್ನೋ ಜರ್ಮನ್ ಯುದ್ಧನೌಕೆ ಮುಳುಗಿದಾಗ 25 ಜನ ಜರ್ಮನ್ನರನ್ನ ನೀರಿಂದ ಎತ್ತಿದ್ದು ಇದೇ, ಆಮೇಲೆ 1942ರ ಫೆಬ್ರವರೀಲಿ ಜರ್ಮನ್ ವಿಮಾನಗಳ ಬಾಂಬಿಗೇ ಮುಳುಗ್ತು. ಈಗ ಸುಮಾರು 14 ಮೀಟರಲ್ಲಿ ಮರಳಲ್ಲಿ ಅರ್ಧ ಹೂತ್ಕೊಂಡಿದೆ, ತೂತುಗಳಲ್ಲಿ ಆಕ್ಟೋಪಸ್ ಇರ್ತವೆ. ಒಂದು ನನ್ನ ಕಣ್ಣೆದುರೇ ಕಲ್ಲಿನ ಬಣ್ಣದಿಂದ ಮರಳಿನ ಬಣ್ಣಕ್ಕೆ ತಿರುಗಿ ಒಂದು ಚಿಪ್ಪನ್ನ ಬಾಗಿಲ ಥರ ಎಳ್ಕೊಂಡು ಮುಚ್ಕೊಂಡ್ತು, ಸಿಲಿಂಡರಲ್ಲಿ ಗಾಳಿ ಕಮ್ಮಿ ಆಗೋ ತನಕ ಅದನ್ನೇ ನೋಡ್ತಾ ಇದ್ದೆ.

ಆಮೇಲೆ ಗೋಜೋದ ದ್ವೇಯ್ರಾ. ಅಲ್ಲೊಂದು ದೊಡ್ಡ ಕಲ್ಲಿನ ಕಮಾನಿತ್ತು, ಅಜೂರ್ ವಿಂಡೋ ಅಂತ, 2017ರ ಮಾರ್ಚ್ 8ಕ್ಕೆ ಬಿರುಗಾಳೀಲಿ ಪೂರ್ತಿ ಬಿದ್ದೋಯ್ತು. ಅದರ ಬಂಡೆಗಳು ಈಗ ನೀರೊಳಗಿವೆ. ಪಕ್ಕದಲ್ಲೇ ಬ್ಲೂ ಹೋಲ್, ನೋಡೋಕೆ ಥೇಟ್ ನಮ್ಮ ಕಡೆ ಬಂಡೆ ಕಡಿದು ಮಾಡಿದ ಬಾವಿ. ಮೊನಚು ಕಲ್ಲುಗಳ ಮೇಲೆ ಅಷ್ಟೂ ಭಾರ ಹೊತ್ಕೊಂಡು ನಡೀಬೇಕು, ಮಂಡಿ ನಡುಗುತ್ತೆ. ಬಾವಿಗೆ ಇಳಿದಂಗೇ ಇಳಿತೀರ, ಸುತ್ತ ಗೋಡೆ, ಆಮೇಲೆ ಸುಮಾರು 8 ಮೀಟರಲ್ಲಿ ಒಂದು ಪಕ್ಕದ ಗೋಡೆನೇ ಇಲ್ಲ, ಅಲ್ಲಿಂದಾಚೆಗೆ ಇಡೀ ಸಮುದ್ರ ನೀಲಿಯಾಗಿ ತೆರ್ಕೊಂಡಿದೆ. ಬಾವಿಯ ಗೋಡೆಗೆ ಬಾಗಿಲು ಇಟ್ಟು ಅದರಾಚೆ ಕೊನೆಯೇ ಇಲ್ಲದ ನೀರು ಇಟ್ಟಿದ್ರೆ ಹೇಗಿರುತ್ತೆ? ನಂಗೆ ಅಲ್ಲಿ ಕಣ್ಣು ತುಂಬಿ ಬಂತು, ಮಾಸ್ಕ್ ಒಳಗೆ ಅತ್ತಿದೀನಿ.

ಮೀನಿನ ವಿಷಯದಲ್ಲಿ ಮಾತ್ರ ಜಾಸ್ತಿ ಆಸೆ ಇಟ್ಕೊಂಡು ಹೋಗಬೇಡಿ. ನಮ್ಮ ಮುರುಡೇಶ್ವರದ ನೇತ್ರಾಣಿ ಡೈವ್ ಮಾಡಿರೋರಿಗೆ ಮೆಡಿಟರೇನಿಯನ್ ಖಾಲಿ ಅನ್ಸುತ್ತೆ, ಹವಳದ ಬಣ್ಣ ಇಲ್ಲ. ಅಲ್ಲಿರೋದು ಪೊಸಿಡೋನಿಯಾ ಅನ್ನೋ ಹುಲ್ಲು, ಪಾಚಿ ಅಲ್ಲ, ಹೂ ಬಿಡೋ ಗಿಡ, ಅಲ್ಲಿನ ಜಾತಿ ಆ ಸಮುದ್ರ ಬಿಟ್ಟು ಬೇರೆಲ್ಲೂ ಇಲ್ಲ. ಅಲೆಗೆ ಅದು ರಾಗಿ ಹೊಲದ ಥರ ತೂಗುತ್ತೆ. ಅದರ ಮೇಲೆ ಫಿನ್ (ಕಾಲಿಗೆ ಹಾಕೋ ರೆಕ್ಕೆ) ಒದೀಬೇಡಿ.

ಈಗ ಒಂದು ಬೇಜಾರಿನ ವಿಷಯ. ಕೋರ್ಸ್ ಮುಗಿಸಿ ಎರಡು ತಿಂಗಳೂ ಆಗಿರಲಿಲ್ಲ, ಒಂದು ಡೈವ್ ಅಂಗಡಿಯೋರು "ಏನೂ ಆಗಲ್ಲ ಬಾ" ಅಂತ ನನ್ನ 30 ಮೀಟರ್ ಆಳಕ್ಕೆ, ಒಂದು ಮುಳುಗಿದ ಹಡಗಿಗೆ ಕರ್ಕೊಂಡು ಹೋಗೋಕೆ ರೆಡಿ ಆಗಿದ್ರು. ನಾನು ದಡದಲ್ಲೇ ಡೈವಿಂಗ್ ಸೂಟ್ ಬಿಚ್ಚಿ ವಾಪಸ್ ಬಂದೆ, ಕೊಟ್ಟ ದುಡ್ಡು ವಾಪಸ್ ಕೊಡಲಿಲ್ಲ ಅವರು, ಹೋಗ್ಲಿ. ಆಮೇಲೆ ಅಡ್ವಾನ್ಸ್‌ಡ್ ಕೋರ್ಸ್ ಮಾಡಿ ಅದೇ ಹಡಗಿಗೆ ಹೋದೆ. ಉಮ್ ಎಲ್ ಫರೂದ್, ವೀದ್ ಇಝ್ ಝುರ್ರೀ ಅನ್ನೋ ಕಡೆ. 110 ಮೀಟರ್ ಉದ್ದದ ಲಿಬಿಯಾದ ತೈಲ ಹಡಗು. 1995ರ ಫೆಬ್ರವರೀಲಿ ಮಾಲ್ಟಾ ಡಾಕ್‌ನಲ್ಲಿ ರಿಪೇರಿಗೆ ನಿಂತಿದ್ದಾಗ ಒಳಗೆ ಗ್ಯಾಸ್ ಸ್ಫೋಟ ಆಗಿ ಒಂಬತ್ತು ಜನ ಡಾಕ್ ಕೆಲಸಗಾರರು ಸತ್ತೋದ್ರು. 1998ರಲ್ಲಿ ಹಡಗನ್ನ ಬೇಕಂತಲೇ ಮುಳುಗಿಸಿದ್ರು, ತಳ ಸುಮಾರು 36 ಮೀಟರಲ್ಲಿದೆ, ಆಮೇಲೆ ಬಿರುಗಾಳಿಗೆ ಎರಡು ತುಂಡಾಗಿದೆ.

ಅಮ್ಮನ ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣೀಲಿ ಕೆಲಸ ಮಾಡ್ತಿದ್ದೋರು, ಮೂರು ಕಿಲೋಮೀಟರಿಗೂ ಜಾಸ್ತಿ ಆಳದ ಗಣಿ ಅದು. ಒಳಗೆ ಬಂಡೆ ಸಿಡಿಯೋದಕ್ಕೆ ಏರ್ ಬ್ಲಾಸ್ಟ್ ಅಂತಿದ್ರು. ಮನೇಲಿ ಪಾತ್ರೆ ಅಲ್ಲಾಡಿದ್ರೆ ಅಜ್ಜಿ ಒಲೆ ಹಂಗೇ ಬಿಟ್ಟು ಶಾಫ್ಟ್ ಕಡೆ ಓಡ್ತಿದ್ರಂತೆ, ಯಾರ ಮನೆಯೋರು ಅಂತ ಗೊತ್ತಾಗೋ ತನಕ ಅಲ್ಲೇ ಗುಂಪಲ್ಲಿ ನಿಂತಿರ್ತಿದ್ರಂತೆ. ಫರೂದ್ ಮೇಲೆ ಆ ಒಂಬತ್ತು ಜನರ ನೆನಪಿಗೆ ಒಂದು ಫಲಕ ಇದೆ. ಅದರ ಮುಂದೆ ಟಾರ್ಚ್ ಹಿಡ್ಕೊಂಡು ತೇಲ್ತಾ ಇದ್ದಾಗ ತಾತ ನೆನಪಾದ್ರು, ಕೈ ಮುಗಿದೆ. ಅಲ್ಲಿಗೆ ಹೋಗೋರು ಫೋಟೋಗೆ ಅಂತ ಮಾತ್ರ ಹೋಗಬೇಡಿ, ಒಂದು ನಿಮಿಷ ನಿಂತು ಬನ್ನಿ.

ಮಾಲ್ಟಾದ ಉತ್ತರ ತುದೀಲಿರೋ ಚಿರ್ಕೆವ್ವಾದಲ್ಲಿ 1992ರಲ್ಲಿ ಮುಳುಗಿಸಿದ ರೋಜಿ ಅನ್ನೋ ಟಗ್ (ದೊಡ್ಡ ಹಡಗುಗಳನ್ನ ಎಳೆಯೋ ದೋಣಿ), 2007ರಲ್ಲಿ ಮುಳುಗಿಸಿದ ಪಿ29 ಅನ್ನೋ ಗಸ್ತು ದೋಣಿ ಇದಾವೆ, ಎರಡರ ತಳಾನೂ 35 ಮೀಟರ್ ಆಸುಪಾಸು, ಅನುಭವ ಬಂದ್ಮೇಲೆ ಹೋಗಿ. ಆಗಸ್ಟಲ್ಲಿ ನೀರು 26 ಡಿಗ್ರಿ, ಫೆಬ್ರವರೀಲಿ 15, ನಂಗೆ ಇಷ್ಟ ಅಂದ್ರೆ ಅಕ್ಟೋಬರ್, ಜನ ಕಮ್ಮಿ, ನೀರಿನ್ನೂ ಬೆಚ್ಚಗಿರುತ್ತೆ. ಊರಿಗೆ ಹೊರಡೋ ಹಿಂದಿನ ದಿನ ಡೈವ್ ಮಾಡಬೇಡಿ, ಒಂದಕ್ಕಿಂತ ಹೆಚ್ಚು ಡೈವ್ ಮಾಡಿದ್ರೆ ವಿಮಾನ ಹತ್ತೋಕೆ ಕಮ್ಮಿ ಅಂದ್ರೂ 18 ಗಂಟೆ ಬಿಡಬೇಕು.

ನಿನ್ನೆ ಅಕ್ಕನ ಮಗನ್ನ ಹೊಲಕ್ಕೆ ಕರ್ಕೊಂಡು ಹೋದೆ. ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ಬಿಡೋ ನೀರು, ಕೆರೆಗೆ ಬರೋಕೆ ಶುರುವಾದ್ಮೇಲೆ ನಮ್ಮ ಬಾವೀಲೂ ನೀರು ನಿಂತಿದೆ. ಬಾವಿಗೆ ಇಳಿಸಲಿಲ್ಲ, ಪಂಪ್‌ಸೆಟ್ ತೊಟ್ಟೀಲಿ ನನ್ನ ಮಾಸ್ಕ್ ಹಾಕಿ ಕೂರಿಸಿದೆ. ಮಾಸ್ಕ್‌ಗೆ ನೀರು ಬಿಟ್ಕೋ, ತಲೆ ಮೇಲೆತ್ತು, ಮಾಸ್ಕಿನ ಮೇಲಂಚನ್ನ ಒತ್ತಿ ಹಿಡ್ಕೊಂಡು ಮೂಗಲ್ಲಿ ಊದು ಅಂದೆ. ಎರಡು ಸಲ ಕೆಮ್ಮಿ ಎದ್ದ. ಅಮ್ಮ ಟವಲ್ ಹಿಡ್ಕೊಂಡು ತೊಟ್ಟಿ ಕಟ್ಟೆ ಮೇಲೆ ಕೂತು "ಸಾಕು ಬಾರೋ" ಅಂತಿದ್ಲು. ಮೂರನೇ ಸಲ ನೀರೆಲ್ಲ ಗುಳುಗುಳು ಅಂತ ಹೊರಗೆ ಹೋಗಿ ಮಾಸ್ಕ್ ಒಳಗೆ ಅವನ ಎರಡು ಕಣ್ಣೂ ಅಗಲ ಆದ್ವು, ಅಮ್ಮ ಕಟ್ಟೆಯಿಂದ ಬಗ್ಗಿ ನೋಡಿ "ಈಗ ಹೆಂಗೋ ಮಾಡ್ದೆ, ಇನ್ನೊಂದ್ಸಲ ಮಾಡು" ಅಂದ್ಲು.