ನೇಗಿಲು ಕಂಡರಾಗದವನ ಅಡ್ಡಹೆಸರು

ಪುಣೆಯ ಹಿಂಜವಡಿಯ ಆಫೀಸಿನಲ್ಲಿ ಕೂತು ನಾನು ಮಾಡುವ ಕೆಲಸಕ್ಕೆ ನಮ್ಮ ಟೀಮಿನಲ್ಲಿ 'ಹೆಸರು ತೊಳೆಯೋದು' ಅಂತಾರೆ. ಅಮೆರಿಕದ ಒಂದು ಕಂಪನಿಯ ಗಿರಾಕಿಗಳ ಪಟ್ಟಿ ಬರುತ್ತದೆ, ಅದರಲ್ಲಿ ಒಬ್ಬನೇ ಮನುಷ್ಯ ಮೂರು ಕಡೆ ಮೂರು ಥರದ ಸ್ಪೆಲ್ಲಿಂಗ್ ಹಾಕಿಕೊಂಡು ಕೂತಿರುತ್ತಾನೆ, ಅವನನ್ನು ಹುಡುಕಿ ಹಿಡಿದು ಒಂದೇ ಸಾಲಿಗೆ ತರಬೇಕು. ಬೇಜಾರಿನ ಕೆಲಸ ಅಂತ ಹೇಳುವವರೇ ಜಾಸ್ತಿ. ನನಗೆ ಮಾತ್ರ ಹೆಸರುಗಳ ಹುಚ್ಚು.

ಕಳೆದ ತಿಂಗಳು ಎರಡು ಸಾಲು ಒಂದರ ಕೆಳಗೊಂದು ಬಂದವು. ವಿಳಾಸ ಒಂದೇ. ಅಡ್ಡಹೆಸರು ಒಂದರಲ್ಲಿ ಹಾಸೆನ್‌ಪ್ಲಗ್, ಇನ್ನೊಂದರಲ್ಲಿ ಪಿ ಅಕ್ಷರದ ಪಕ್ಕ ಒಂದು ಎಫ್ ಜಾಸ್ತಿ. ಪಕ್ಕದ ಸೀಟಿನ ಸಾತಾರದ ಹುಡುಗ ಬಗ್ಗಿ ನೋಡಿ, "ಹಾಸನ್ ಪ್ಲಗ್? ತುಮಚ್ಯಾ ಕರ್ನಾಟಕಾತಲಾ ಕಾ ರೇ?" ಅಂದ. ಹಾಸನದಲ್ಲಿ ತಯಾರಾದ ಕರೆಂಟ್ ಪ್ಲಗ್ ಅಂತ ನಾವಿಬ್ಬರೂ ಚಹಾ ಮುಗಿಯುವ ತನಕ ನಕ್ಕೆವು. ಆಮೇಲೆ ನಾನು ಸುಮ್ನೆ ಇರಬೇಕಿತ್ತು. ಇರಲಿಲ್ಲ.

ಎಫ್ ಇರುವುದೇ ಮೂಲ ರೂಪ. ಹಾಸೆನ್‌ಪ್ಫ್ಲೂಗ್. ಜರ್ಮನ್ ಗೊತ್ತಿರುವವರು ಕೂಡ ಮೊದಲು ಬೀಳುವುದು ಹಳ್ಳಕ್ಕೇ, ಯಾಕಂದರೆ ಅಲ್ಲಿ ಹಾಸೆ ಅಂದರೆ ಮೊಲ, ಪ್ಫ್ಲೂಗ್ ಅಂದರೆ ನೇಗಿಲು. ಮೊಲಕ್ಕೆ ನೇಗಿಲು ಕಟ್ಟಿದವನಾ ಅಂತ ಅನ್ನಿಸುತ್ತದೆ. ಈ ಹೆಸರನ್ನು ಎರಡು ಎಸ್ ಬದಲು ಒಂದೇ ಎಸ್ ಹಾಕಿ ಬರೆಯುವ ಮನೆತನಗಳೂ ಇವೆ, ಅದನ್ನು ನೋಡಿದರಂತೂ ಮೊಲವೇ ಸರಿ ಅನ್ನಿಸಿಬಿಡುತ್ತದೆ. ಆದರೆ ಮೊಲಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಸೆನ್ ಇಲ್ಲಿ ದ್ವೇಷಿಸು ಅನ್ನುವ ಕ್ರಿಯಾಪದ. 'ಹಾಸ್ ಡೆನ್ ಪ್ಫ್ಲೂಗ್', ಅಂದರೆ ನೇಗಿಲು ಕಂಡರೆ ಆಗದವನು. ಹೊಲಕ್ಕೆ ಹೋಗು ಅಂದರೆ ಹೊಟ್ಟೆನೋವು ಬರುವ ಯಾವನೋ ಒಬ್ಬ ಸೋಮಾರಿಗೆ ಮಧ್ಯಯುಗದಲ್ಲಿ ಊರವರು ಇಟ್ಟ ಹೆಸರು, ಅವನು ಸತ್ತರೂ ಹೆಸರು ಸಾಯಲಿಲ್ಲ.

ಇಡೀ ಒಂದು ವಾಕ್ಯವನ್ನೇ ಹಿಂಡಿ ಮಾಡಿದ ಇಂಥ ಅಡ್ಡಹೆಸರುಗಳಿಗೆ ಜರ್ಮನರು ಜಾಟ್ಸ್‌ನಾಮೆ ಅಂತಾರೆ, ವಾಕ್ಯದ ಹೆಸರು ಅಂತ. ಶ್ಪ್ರಿಂಗಿನ್ಸ್‌ಫೆಲ್ಡ್ ಅಂತ ಇನ್ನೊಂದಿದೆ, ಹೊಲಕ್ಕೆ ಹಾರು ಅಂತ ಅರ್ಥ. ಉಳಿದವು ನಮ್ಮ ಕಡೆಯ ಹಾಗೇ. ಮ್ಯುಲ್ಲರ್ ಹಿಟ್ಟಿನ ಗಿರಣಿಯವನು, ಶ್ಮಿಟ್ ಕಮ್ಮಾರ, ತ್ಸಿಮರ್‌ಮನ್ ಬಡಿಗೇರ. ಧಾರವಾಡ, ಗದಗ, ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳ್ಳಾಗಡ್ಡಿ, ಬೆಲ್ಲದ, ಅಂಗಡಿ, ಕುಂಬಾರ, ಹೂಗಾರ ಇವರೆಲ್ಲ ಒಂದೇ ಬೆಂಚಿನಲ್ಲಿ ಕೂತ ಶಾಲೆಯಲ್ಲಿ ಓದಿದವರು ನಾವು. ನಾನೇ ಮೆಣಸಿನಕಾಯಿ. ಹೌದು, ನಿಜವಾದ ಅಡ್ಡಹೆಸರು. ಬೆಂಗಳೂರಿನವರು ಕೇಳಿದ ಕೂಡಲೇ ನಗುತ್ತಾರೆ, ಅವರಿಗೆ ಇನಿಶಿಯಲ್ ಇದ್ದರೆ ಸಾಕು, ನಮ್ಮ ಕಷ್ಟ ಗೊತ್ತಿಲ್ಲ.

ಹಾಸೆನ್‌ಪ್ಫ್ಲೂಗ್ ಜರ್ಮನಿಯಲ್ಲೂ ಅಪರೂಪದ ಹೆಸರೇ, ಆದರೆ ನೀವು ಅವರ ಮನೆಯ ಕಥೆಯನ್ನು ಖಂಡಿತ ಕೇಳಿದ್ದೀರಿ. ಕೆಂಪು ಟೋಪಿ ಹಾಕಿಕೊಂಡು ಅಜ್ಜಿಯ ಮನೆಗೆ ಹೋಗುವ ಹುಡುಗಿ ಮತ್ತು ತೋಳದ ಕಥೆ, ನೂರು ವರ್ಷ ಮಲಗಿದ ರಾಜಕುಮಾರಿಯ ಕಥೆ. ಜರ್ಮನಿಯ ಜನಪದ ಕಥೆಗಳನ್ನು ಕೂಡಿಸಿದ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಮೊದಲ ಸಂಪುಟಕ್ಕೆ ಇವನ್ನು ಹೇಳಿಕೊಟ್ಟವರು ಹೆಸೆ ಪ್ರಾಂತ್ಯದ ಕಾಸೆಲ್ ಊರಿನಲ್ಲಿದ್ದ ಹಾಸೆನ್‌ಪ್ಫ್ಲೂಗ್ ಅಕ್ಕತಂಗಿಯರು. ಅವರ ತಾಯಿಯ ಕಡೆಯವರು ಫ್ರಾನ್ಸಿನಿಂದ ಬಂದ ಹ್ಯೂಗೆನಾಟ್ ಅನ್ನುವ ಪ್ರಾಟೆಸ್ಟೆಂಟ್ ಕ್ರೈಸ್ತರು, ಹಾಗಾಗಿ 'ಅಪ್ಪಟ ಜರ್ಮನ್' ಕಥೆಗಳಲ್ಲಿ ಫ್ರೆಂಚ್ ಒಗ್ಗರಣೆ ಸಾಕಷ್ಟಿದೆ. ಅವರ ಸಹೋದರ ಲುಡ್ವಿಗ್ 1822ರಲ್ಲಿ ಗ್ರಿಮ್ ಸಹೋದರರ ಒಬ್ಬಳೇ ತಂಗಿ ಲೊಟ್ಟೆಯನ್ನು ಮದುವೆಯಾದ, ಮುಂದೆ ಹೆಸೆಯ ಮಂತ್ರಿಯೂ ಆದ. ಜನ ಅವನನ್ನು ಎಷ್ಟು ಬೈಯುತ್ತಿದ್ದರೆಂದರೆ ಅವನ ಅಡ್ಡಹೆಸರನ್ನು ಸ್ವಲ್ಪ ತಿರುಚಿ ಹೆಸೆನ್‌ಫ್ಲೂಖ್ ಅಂತ ಮಾಡಿದ್ದರು. ಹೆಸೆಯ ಶಾಪ ಅಂತ. ಅಡ್ಡಹೆಸರಿಗೊಂದು ಅಡ್ಡಹೆಸರು!

ಅಮೆರಿಕದಲ್ಲಿ ಈ ಹೆಸರು ಒಂದು ಸೇತುವೆಯ ಮೇಲಿದೆ. ಪೆನ್ಸಿಲ್ವೇನಿಯಾದ ಯೂನಿಯನ್ ಕೌಂಟಿಯ ಮಿಫ್ಲಿನ್‌ಬರ್ಗ್‌ನಲ್ಲಿ ಬಫಲೋ ಕ್ರೀಕ್ ಅನ್ನುವ ಹಳ್ಳಕ್ಕೆ ಅಡ್ಡಲಾಗಿ 1825ರಲ್ಲಿ ಕಟ್ಟಿದ ಮರದ ಸೇತುವೆ. ಮೇಲೆ ಛಾವಣಿ, ಎರಡೂ ಕಡೆ ಹಲಗೆಯ ಗೋಡೆ, ಫೋಟೋದಲ್ಲಿ ದೂರದಿಂದ ನೋಡಿದರೆ ಯಾರೋ ದನದ ಕೊಟ್ಟಿಗೆಯನ್ನು ಎತ್ತಿ ನೀರಿನ ಮೇಲೆ ಇಟ್ಟ ಹಾಗಿದೆ. ಉದ್ದ ಸುಮಾರು 80 ಅಡಿ. ಆ ದೇಶದ ತೀರಾ ಹಳೆಯ ಮುಚ್ಚುಸೇತುವೆಗಳಲ್ಲಿ ಒಂದು. ಅದರ ಹೆಸರು ಹಾಸೆನ್‌ಪ್ಲಗ್ ಸೇತುವೆ. ಎಫ್ ಇಲ್ಲ.

ಆ ಎಫ್ ಎಲ್ಲಿ ಬಿತ್ತು? ನನ್ನ ತಲೆಗೆ ಬಂದ ಮೊದಲ ಉತ್ತರ, ಯಾವನೋ ಗುಮಾಸ್ತ ತಿಂದ ಅಂತ. ಇದಕ್ಕೆ ಕಾರಣವಿದೆ. ಅಪ್ಪ 1978ರಲ್ಲಿ ಪಿಂಪ್ರಿಯ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದರು. ರೇಷನ್ ಕಾರ್ಡಿನಲ್ಲಿ ಅವರು ಮೆನ್ಸಿಂಕಾಯ್ ಆದರು. ಅಕ್ಕನನ್ನು ಶಾಲೆಗೆ ಸೇರಿಸಿದಾಗ ರಿಜಿಸ್ಟರ್ ಬರೆಯುವವರು, ಮಹಾರಾಷ್ಟ್ರದಲ್ಲಿ ಅಡ್ಡಹೆಸರಿಗೆ ಬಾಲ ಇರಬೇಕು ಅನ್ನಿಸಿತೋ ಏನೋ, ಮೆನ್ಸಿಂಗ್ಕರ್ ಅಂತ ಬರೆದುಬಿಟ್ಟರು. ಎಲ್ಲಾ ಅಕ್ಷರ ಸರಿಯಾಗಿರುವವನು ಮನೆಯಲ್ಲಿ ನಾನೊಬ್ಬನೇ. ಅಕ್ಕನ ಪಾಸ್‌ಪೋರ್ಟಿನ ಹೊತ್ತಿಗೆ ಅಪ್ಪ ಮಗಳು ಒಂದೇ ಮನೆತನದವರು ಅಂತ ತೋರಿಸಲು ಅಫಿಡವಿಟ್ಟು, ಪೇಪರಿನಲ್ಲಿ ಜಾಹೀರಾತು, ಎರಡು ಸಲ ವಾಪಸ್ ಕಳಿಸಿದ್ದು, ಎಲ್ಲಾ ಆಯಿತು. ಗುಮಾಸ್ತರ ಮೇಲೆ ನನಗೆ ಮನೆತನದ ಸಿಟ್ಟಿದೆ.

ಅಮೆರಿಕದಲ್ಲೂ ಇದೇ ಸಿಟ್ಟಿನ ಕಥೆ ಮನೆಮನೆಯಲ್ಲಿ ಓಡಾಡುತ್ತದೆ. ನಮ್ಮ ಮುತ್ತಜ್ಜನ ಹೆಸರನ್ನು ಎಲ್ಲಿಸ್ ದ್ವೀಪದಲ್ಲಿ, ಅಂದರೆ ಹಡಗಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ಕೇಂದ್ರದಲ್ಲಿ, ಕೆಡಿಸಿದರು ಅಂತ. ಅದು ಹಾಗಲ್ಲ. ಎಲ್ಲಿಸ್ ದ್ವೀಪದ ಕೇಂದ್ರ ಶುರುವಾದದ್ದೇ 1892ರಲ್ಲಿ, ಅಲ್ಲಿನವರು ಹಡಗು ಹೊರಟ ಬಂದರಿನಲ್ಲಿ ತಯಾರಾಗಿದ್ದ ಪಟ್ಟಿಯನ್ನು ಹಿಡಿದು ಟಿಕ್ ಹಾಕುತ್ತಿದ್ದರು, ಹೊಸದಾಗಿ ಹೆಸರು ಬರೆಯುತ್ತಿರಲಿಲ್ಲ. ಹೆಸರು ಬದಲಾಯಿಸಿಕೊಂಡವರು ಹೆಚ್ಚಾಗಿ ಅವರವರೇ, ಊರು ಸೇರಿದ ಮೇಲೆ, ಅಂಗಡಿಗೆ ಬೋರ್ಡು ಹಾಕುವಾಗಲೋ ಮಕ್ಕಳನ್ನು ಶಾಲೆಗೆ ಕಳಿಸುವಾಗಲೋ. ಪಿಯಾನೋ ಮಾಡುತ್ತಿದ್ದ ಶ್ಟೈನ್‌ವೆಗ್ ಸ್ಟೈನ್‌ವೇ ಆದದ್ದು ವ್ಯಾಪಾರಕ್ಕೆ. 1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕೆ ಇಳಿದ ಮೇಲೆ ಎಷ್ಟೋ ಶ್ಮಿಟ್‌ಗಳು ರಾತ್ರೋರಾತ್ರಿ ಸ್ಮಿತ್ ಆದದ್ದು ಹೆದರಿಕೆಗೆ.

ಪೆನ್ಸಿಲ್ವೇನಿಯಾದ ಜರ್ಮನರದು ಇದಕ್ಕಿಂತ ಹಳೆಯ ಕಥೆ. 1727ರಿಂದ ಫಿಲಡೆಲ್ಫಿಯಾ ಬಂದರಿನಲ್ಲಿ ಇಳಿದ ಜರ್ಮನ್ ಗಂಡಸರು ಇಂಗ್ಲೆಂಡಿನ ರಾಜನಿಗೆ ನಿಷ್ಠರಾಗಿರುತ್ತೇವೆ ಅಂತ ಪ್ರಮಾಣ ಮಾಡಬೇಕಿತ್ತು. ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನವರು ಬರೆದ ಪಟ್ಟಿ ಒಂದು, ಸಹಿ ಬಂದವರು ತಮ್ಮದೇ ಕೈಯಲ್ಲಿ ಹಾಕಿದ ಪಟ್ಟಿ ಇನ್ನೊಂದು, ಸಹಿ ಬರದವರು ಒಂದು ಗೀಟು ಎಳೆಯುತ್ತಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಮನುಷ್ಯ ಗುರುತು ಸಿಗದ ಹಾಗಿರುತ್ತಾನೆ.

ಇಲ್ಲಿ ನನಗೊಂದು ವಿಷಯ ಹೊಳೆಯಿತು, ಎರಡು ವರ್ಷದ ಹಿಂದೆ ಶನಿವಾರ ಶನಿವಾರ ಜರ್ಮನ್ ಕ್ಲಾಸಿಗೆ ಹೋಗಿದ್ದು ಕಡೆಗೂ ಉಪಯೋಗಕ್ಕೆ ಬಂತು. ಅಲ್ಲಿ ನಮಗೆ ಪ್ಫ್ ಹೇಳಿಸುವಷ್ಟರಲ್ಲಿ ಮೇಡಂ ಸುಸ್ತಾಗುತ್ತಿದ್ದರು. ಬಾಯಿಯ ಮುಂದೆ ಕಾಗದದ ಚೂರು ಹಿಡಿದು ಆಪ್ಫೆಲ್ ಅನ್ನಬೇಕು, ಕಾಗದ ಹಾರಬೇಕು. ಆಪ್ಫೆಲ್ ಅಂದರೆ ಆಪಲ್, ಪ್ಫೆಫರ್ ಅಂದರೆ ಪೆಪ್ಪರ್. ಒಂದೂವರೆ ಸಾವಿರ ವರ್ಷದ ಹಿಂದಿನಿಂದ ದಕ್ಷಿಣದ ಜರ್ಮನ್ ಮಾತಿನಲ್ಲಿ ಪ ಹೋಗಿ ಪ್ಫ್ ಆಗುತ್ತಾ ಬಂತು, ಉತ್ತರದವರು ಪ ಬಿಡಲಿಲ್ಲ. ನಮ್ಮಲ್ಲೂ ಆಗಿದೆಯಲ್ಲ, ಹಳಗನ್ನಡದ ಪಾಲು, ಪುಲಿ, ಪೂ ಹೋಗಿ ಹಾಲು, ಹುಲಿ, ಹೂ ಆದವು, ತುಳುವರು ಮಾತ್ರ ಇವತ್ತಿಗೂ ಪಿಲಿ ಅಂತಾರೆ. ಈ ಪ ಮತ್ತು ಪ್ಫ್ ಗಡಿ ಜರ್ಮನಿಯ ನಡುವೆ ಹಾಯುತ್ತದೆ. ಪೆನ್ಸಿಲ್ವೇನಿಯಾಕ್ಕೆ ಜಾಸ್ತಿ ಜನ ಹೋದದ್ದು ರೈನ್ ನದಿಯ ಪಕ್ಕದ ಪ್ಫಾಲ್ಟ್ಸ್ ಪ್ರಾಂತ್ಯದಿಂದ. ತಮಾಷೆ ನೋಡಿ, ಪ್ರಾಂತ್ಯದ ಹೆಸರಿನಲ್ಲೇ ಪ್ಫ್ ಇದೆ, ಅಲ್ಲಿನವರಿಗೆ ಅದನ್ನು ಹೇಳಲು ಬರುವುದಿಲ್ಲ, ಪಾಲ್ಟ್ಸ್ ಅಂತಾರೆ. ಪೆನ್ಸಿಲ್ವೇನಿಯಾದ ಜರ್ಮನರ ಬಾಯಲ್ಲಿ ನೇಗಿಲಿಗೆ ಪ್ಲೂಗ್, ಬ್ಲೂಗ್ ಅಂತಲೇ ಇದೆ. ಎಫ್ ಇಲ್ಲ!

ಅಂದರೆ ಆ ಹೆಸರಿನವರು ಬಾಯಿಬಿಟ್ಟು ಹೇಳಿದ್ದೇ ಹಾಸೆನ್‌ಪ್ಲೂಗ್ ಅಂತ ಇದ್ದೀತು. ಬರೆದವನು ಕೇಳಿದ್ದನ್ನು ಬರೆದ. ಎಫ್ ಇದ್ದದ್ದು ಪುಸ್ತಕದ ಜರ್ಮನ್‌ನಲ್ಲಿ.

ಇದು ಹೊಳೆದ ಮೇಲೆ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಅಪ್ಪನಿಗೆ ಫೋನ್ ಮಾಡಿ, ನಿಮ್ಮ ಪೂರ್ತಿ ಹೆಸರು ಹೇಳಿ ಅಂದೆ. ಅಪ್ಪ ಹೇಳಿದ್ದು ಮೆನ್ಸಿಂಕಾಯಿ. ಇನ್ನೊಂದು ಸಲ ಹೇಳಿ ಅಂದೆ. ಮೆನ್ಸಿಂಕಾಯಿ. ಣ ಇಲ್ಲ, ನಡುವಿನ ಅ ಇಲ್ಲ, ನ ಮತ್ತು ಕ ಅಂಟಿಕೊಂಡಿವೆ. ರೇಷನ್ ಕಾರ್ಡಿನವನು ನಲವತ್ತು ವರ್ಷದ ಹಿಂದೆ ಅಪ್ಪನ ಬಾಯಿಂದ ಬಂದದ್ದನ್ನು ಹೆಚ್ಚೂಕಮ್ಮಿ ಹಾಗೇ ಇಳಿಸಿದ್ದ. ಅಕ್ಕನ ಕರ್ ಮಾತ್ರ ಕ್ಷಮಿಸಲಾರೆ.

ಇನ್ನು ಎಷ್ಟು ಅಪರೂಪ ಅನ್ನುವ ಪ್ರಶ್ನೆ. ಅಮೆರಿಕದ ಜನಗಣತಿಯವರು 2000ದಲ್ಲಿ ಎಣಿಸಿದಾಗ ಸುಮಾರು 60 ಲಕ್ಷ ಬೇರೆ ಬೇರೆ ಅಡ್ಡಹೆಸರು ಸಿಕ್ಕವು, ಅದರಲ್ಲಿ 40 ಲಕ್ಷದಷ್ಟು ಒಬ್ಬೊಬ್ಬರ ಹತ್ತಿರ ಮಾತ್ರ ಇದ್ದವು. ನೂರು ಜನಕ್ಕಿಂತ ಕಡಿಮೆ ಇದ್ದರೆ ಹೆಸರನ್ನು ಪ್ರಕಟಿಸುವುದಿಲ್ಲ. ನೂರು ದಾಟಿದ ಹೆಸರುಗಳು 1,51,671. ಹತ್ತು ಲಕ್ಷ ದಾಟಿದವು ಏಳೇ ಏಳು, ಸ್ಮಿತ್ 23 ಲಕ್ಷದ ಮೇಲೆ, ಮಿಲ್ಲರ್ 11 ಲಕ್ಷದ ಮೇಲೆ. ಈ ಲೆಕ್ಕ ಅಕ್ಷರದ್ದು, ಮನೆತನದ್ದಲ್ಲ ಅನ್ನುವುದು ನನ್ನ ತಕರಾರು. ಪ್ಲಗ್ ಬೇರೆ, ಪ್ಫ್ಲೂಗ್ ಬೇರೆ, ಒಂದು ಎಸ್ ಇರುವುದು ಬೇರೆ. ಒಂದು ಮನೆಯನ್ನು ಮೂರು ಮಾಡಿ ಎಣಿಸಿದರೆ ಮೂರೂ ಅಪರೂಪವೇ. ಮಿಲ್ಲರ್ ಕಥೆ ಇದಕ್ಕೆ ಉಲ್ಟಾ, ಇಂಗ್ಲೆಂಡಿನ ಗಿರಣಿಯವನೂ ಜರ್ಮನಿಯ ಮ್ಯುಲ್ಲರನೂ ಒಂದೇ ಚೀಲದಲ್ಲಿದ್ದಾರೆ. ಮ್ಯುಲ್ಲರ್ ಜರ್ಮನಿಯ ಅತಿ ಸಾಮಾನ್ಯ ಅಡ್ಡಹೆಸರು. ಪುಣೆಯ ಬೋಟ್ ಕ್ಲಬ್ ರಸ್ತೆಯಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮ್ಯುಲ್ಲರ್ ಭವನದ ಬೋರ್ಡಿನಲ್ಲಿ ಆ ಹೆಸರಿನ ಯು ಮೇಲೆ ಎರಡು ಚುಕ್ಕೆ ಹಾಕುವ ಬದಲು ಪಕ್ಕದಲ್ಲಿ ಇ ಕೂರಿಸಿದ್ದಾರೆ. ಅಮೆರಿಕಕ್ಕೆ ಹೋದ ಎಷ್ಟೋ ಜನರ ಚುಕ್ಕೆಗಳು ಹೀಗೇ ಉದುರಿದವು.

ಈ ತೊಂದರೆಗೆ ಅಮೆರಿಕದವರು ಮಾಡಿಕೊಂಡ ಒಂದು ಉಪಾಯ ನಮ್ಮ ಸಾಫ್ಟ್‌ವೇರ್‌ನಲ್ಲಿ ಈಗಲೂ ಇದೆ. ಸೌಂಡೆಕ್ಸ್ ಅಂತ, 1918ರಲ್ಲಿ ರಾಬರ್ಟ್ ರಸೆಲ್ ಅನ್ನುವವರು ಪೇಟೆಂಟ್ ಪಡೆದದ್ದು. ಹೆಸರಿನ ಮೊದಲ ಅಕ್ಷರ ಉಳಿಸು, ಸ್ವರಗಳನ್ನು ಬಿಸಾಡು, ಒಂದೇ ಥರ ಕೇಳುವ ವ್ಯಂಜನಗಳಿಗೆ ಒಂದೇ ಅಂಕಿ ಕೊಡು, ಮೂರು ಅಂಕಿಗೆ ನಿಲ್ಲಿಸು. ಪಿ, ಬಿ, ಎಫ್, ವಿ ಎಲ್ಲದಕ್ಕೂ 1. ಎಸ್, ಕೆ, ಜಿ ಮೊದಲಾದವಕ್ಕೆ 2. ಎಂ, ಎನ್‌ಗೆ 5. 1935ರಲ್ಲಿ ಮುದುಕರ ಪಿಂಚಣಿ ಕಾನೂನು ಬಂದಾಗ ವಯಸ್ಸಿನ ದಾಖಲೆ ಇಲ್ಲದವರೇ ಜಾಸ್ತಿ, ಆಗ 1880ರ ಜನಗಣತಿಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿದ್ದ ಮನೆಗಳನ್ನು ಹೆಕ್ಕಿ ಈ ಲೆಕ್ಕದಲ್ಲಿ ಕಾರ್ಡು ಬರೆಸಿದರು. ಹಾಸೆನ್‌ಪ್ಫ್ಲೂಗ್ ಹಾಕಿದರೆ ಎಚ್ 251. ಹಾಸೆನ್‌ಪ್ಲಗ್ ಹಾಕಿದರೂ ಎಚ್ 251. ಪಿ ಬಿಟ್ಟು ಬರೀ ಎಫ್ ಇಟ್ಟರೂ ಅದೇ.

ಊಟದ ಹೊತ್ತಿನಲ್ಲಿ ಕದ್ದುಮುಚ್ಚಿ ನಮ್ಮ ಮನೆಯವರನ್ನೂ ಅದರಲ್ಲಿ ಹಾಕಿದೆ. ಅಪ್ಪ, ಎಂ 525. ನಾನು, ಎಂ 525. ಅಕ್ಕ ಕರ್ ಸಮೇತ, ಎಂ 525. ಅಫಿಡವಿಟ್ಟಿನ ದುಡ್ಡು ದಂಡ ಅಲ್ವಾ!

ಅಂದಹಾಗೆ ಆ ಎರಡು ಸಾಲುಗಳನ್ನು ನಾನು ಒಂದು ಮಾಡಲಿಲ್ಲ. ಹುಟ್ಟಿದ ವರ್ಷ ನೋಡಿದರೆ ಮೂವತ್ತೊಂದರ ಅಂತರ. ಅಪ್ಪ ಮಗ ಇರಬೇಕು. ಎಫ್ ಇಲ್ಲದವನು ಅಪ್ಪ, ಇರುವವನು ಮಗ. ಮಗ ಎಲ್ಲೋ ಹಳೆಯ ಕಾಗದ ನೋಡಿ ಬಿದ್ದ ಅಕ್ಷರವನ್ನು ಎತ್ತಿ ಇಟ್ಟುಕೊಂಡಿದ್ದಾನೆ ಅಂತ ನನ್ನ ಊಹೆ.

ರಾತ್ರಿ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಕಥೆ, ಸೇತುವೆ, ಶಾಪ ಯಾವುದಕ್ಕೂ ಹೂಂ ಅನ್ನಲಿಲ್ಲ. ನೇಗಿಲಿನ ವಿಷಯ ಬಂದಾಗ ಮಾತ್ರ ಕಿವಿ ನೆಟ್ಟಗಾಯಿತು. ರೋಣದ ಹತ್ತಿರ ಎಂಟು ಎಕರೆ ಎರೆ ಹೊಲ ಬಿಟ್ಟು ಪಿಂಪ್ರಿಗೆ ಬಂದ ಮನುಷ್ಯ.

"ನೇಗಿಲಾ ಆಗಂಗಿಲ್ಲ ಅಂದವನ ಮಕ್ಕಳು ಅಷ್ಟು ದೂರ ಹೋಗಿ ಏನ್ ಮಾಡಿದ್ರಪಾ?"

ಅಲ್ಲಿಗೆ ಹೋದ ಜರ್ಮನರು ಬಹಳಷ್ಟು ಜನ ಒಕ್ಕಲುತನ ಮಾಡಿದರು ಅಂದೆ. ಅಪ್ಪ ಎಷ್ಟು ಹೊತ್ತು ನಕ್ಕರೆಂದರೆ ಒಳಗಿಂದ ಅಮ್ಮ ಏನಾಯ್ತು ಅಂತ ಕೇಳಿದ್ದು ನನಗೂ ಕೇಳಿಸಿತು.