ಮಂಡಿಯೊಳಗಿನ ತುಣುಕು, ಒಂದೇ ಸಾಲಿನ ಇಂಡೆಂಟ್

ನಮ್ಮ ಆರ್ಥೋ ವಿಭಾಗದಲ್ಲಿ ಶಸ್ತ್ರಚಿಕಿತ್ಸೆಗೆ ಬೇಕಾದ ಸಾಮಗ್ರಿ ತರಿಸಲು ಬರೆಯುವ ಇಂಡೆಂಟ್ ನಮೂನೆಯಲ್ಲಿ ಶಸ್ತ್ರಚಿಕಿತ್ಸೆಯ ಹೆಸರಿಗೆಂದು ಇರುವುದು ಒಂದೇ ಸಾಲು. ಮುರಿದ ತೊಡೆಮೂಳೆಗೆ ರಾಡ್ ಹಾಕುವಾಗ ಆ ಒಂದು ಸಾಲು ಸಾಕಾಗುತ್ತದೆ. ಹದಿಹರೆಯದ ಆಟಗಾರರ ಮಂಡಿಯ ಕಾರ್ಟಿಲೇಜ್ (ಮೂಳೆತುದಿಯ ನುಣುಪಾದ ಹೊದಿಕೆ) ಹಾನಿಗೆ ಅದು ಸಾಲದು ಎಂದು ನಾನು ಬಹಳ ಕಾಲದಿಂದ ಹೇಳುತ್ತ ಬಂದಿದ್ದೇನೆ. ಹಾಗೆ ಹೇಳಲು ಕಾರಣವೇನು ಎಂಬುದು ಒಬ್ಬ ಕಬಡ್ಡಿ ಹುಡುಗನ ಆರ್ಥ್ರೋಸ್ಕೋಪಿಯ (ಕೀಲಿನೊಳಗೆ ಸಣ್ಣ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ) ದಿನ ಎಲ್ಲರ ಕಣ್ಣಿಗೂ ಕಂಡಿತು. ಆ ದಿನದ ನೆನಪು ನನ್ನನ್ನು ಇಂದಿಗೂ ಕಾಡುತ್ತದೆ.

ಹುಡುಗನಿಗೆ ಹದಿನಾರು ವರ್ಷ, ಕ್ರೀಡಾ ಹಾಸ್ಟೆಲಿನ ರೈಡರ್. ಮಂಡಿಯ ಒಳಬದಿಯಲ್ಲಿ ನೋವಿತ್ತು, ಒಮ್ಮೊಮ್ಮೆ ಕಾಲು ಸಿಕ್ಕಿಹಾಕಿಕೊಳ್ಳುತ್ತಿತ್ತು. ತೊಡೆಮೂಳೆಯ ಒಳಗುಬ್ಬಿಯಲ್ಲಿ (ಕೆಳತುದಿಯ ಒಳಬದಿಯ ಉಬ್ಬು) ಸುಮಾರು 1.5 ಚದರ ಸೆಂ.ಮೀ. ಕಾರ್ಟಿಲೇಜ್ ಹೋಗಿದೆಯೆಂದು ಎಂಆರ್‌ಐ ವರದಿ ಹೇಳುತ್ತಿತ್ತು. ಬಿಡಿ ತುಣುಕಿನ ಉಲ್ಲೇಖ ಅದರಲ್ಲಿರಲಿಲ್ಲ. ಚಿಕಿತ್ಸೆಯ ಖರ್ಚು ಭರಿಸುವ ಯೋಜನೆಯ ಮಂಜೂರಾತಿ ಬರುವಷ್ಟರಲ್ಲಿ ವಾರಗಳು ಕಳೆದವು, ಆ ನಡುವೆ ಹುಡುಗ ವಿಭಾಗಮಟ್ಟದ ಪಂದ್ಯವನ್ನೂ ಆಡಿಬಂದ. ಮೂಳೆಗೆ ಸಣ್ಣ ರಂಧ್ರ ಹಾಕುವ ಮೈಕ್ರೋಫ್ರ್ಯಾಕ್ಚರ್ ಜೊತೆಗೆ, ಕಳಚಿದ ತುಣುಕನ್ನು ಕೂರಿಸುವ ಹೆಡ್‌ಲೆಸ್ (ತಲೆಯಿಲ್ಲದ) ಸ್ಕ್ರೂ ಮತ್ತು ಬೇರೆಡೆಯ ಕಾರ್ಟಿಲೇಜ್ ತಂದು ನೆಡುವ ಮೊಸಾಯಿಕ್‌ಪ್ಲಾಸ್ಟಿ ಸೆಟ್ ಎರಡನ್ನೂ ತರಿಸಿಡಬೇಕೆಂದು ನಾನು ಬರೆದಿದ್ದ ಇಂಡೆಂಟು, ಒಂದು ಪ್ಯಾಕೇಜಿಗೆ ಒಂದೇ ವಿಧಾನವೆಂಬ ಷರಾದೊಂದಿಗೆ ಕಚೇರಿಯಿಂದ ವಾಪಸು ಬಂತು.

ಅಷ್ಟೊಂದು ಬಗೆಯ ಸಿದ್ಧತೆ ಏಕೆ ಬೇಕೆಂದು ಕಚೇರಿಯವರು ಕೇಳಿದರೆ ತಪ್ಪೇನಿಲ್ಲ. ಕೀಲಿನ ಕಾರ್ಟಿಲೇಜಿಗೆ ರಕ್ತನಾಳಗಳಿಲ್ಲ, ಆದ್ದರಿಂದ ಚರ್ಮದ ಅಥವಾ ಮೂಳೆಯ ಗಾಯದಂತೆ ಅದು ತಾನಾಗಿ ಮಾಯುವುದಿಲ್ಲ. ಒಮ್ಮೆ ನಾಶವಾದ ಕಾರ್ಟಿಲೇಜ್ ಮರಳಿ ಬರುವುದಿಲ್ಲವೆಂದು ಲಂಡನ್ನಿನಲ್ಲಿ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು. 1980ರ ದಶಕದಲ್ಲಿ ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ ರೂಪಿಸಿದ ಮೈಕ್ರೋಫ್ರ್ಯಾಕ್ಚರ್‌ನಲ್ಲಿ, ಕೆಳಗಿನ ಮೂಳೆಗೆ ಸಣ್ಣ ಸಣ್ಣ ರಂಧ್ರ ಹಾಕಿ ಮಜ್ಜೆಯ ರಕ್ತ ಮೇಲೆ ಬಂದು ಹೆಪ್ಪುಗಟ್ಟುವಂತೆ ಮಾಡುತ್ತೇವೆ. ಅಲ್ಲಿ ಬೆಳೆಯುವುದು ಮೂಲದ ನುಣುಪಾದ ಕಾರ್ಟಿಲೇಜಲ್ಲ, ಅದಕ್ಕಿಂತ ದುರ್ಬಲವಾದ ನಾರುಭರಿತ ಅಂಗಾಂಶ. ಎರಡು ಚದರ ಸೆಂ.ಮೀ.ಗಿಂತ ಚಿಕ್ಕ ಗಾಯದಲ್ಲಿ ಅದು ಕೆಲವು ವರ್ಷ ಚೆನ್ನಾಗಿ ನಿಲ್ಲುತ್ತದೆ. ದೊಡ್ಡ ಗಾಯವಿದ್ದು, ದಿನವೂ ಜಿಗಿದು ಹೊರಳುವ ಆಟಗಾರನಾದರೆ ಬೇಗ ಸವೆಯುತ್ತದೆ. ಗಾಯದ ನಿಜವಾದ ಅಳತೆ ಎಂಆರ್‌ಐ ಹೇಳಿದ್ದಕ್ಕಿಂತ ದೊಡ್ಡದಾಗಿರುವುದು ಸಾಮಾನ್ಯ, ಸಡಿಲ ಅಂಚುಗಳನ್ನು ಕತ್ತರಿಸಿದ ಮೇಲೆ ಅದು ಇನ್ನಷ್ಟು ಹಿಗ್ಗುತ್ತದೆ. ಅಂದರೆ ಯಾವ ವಿಧಾನವೆಂಬುದು ಹಲವು ಸಲ ಓಟಿಯ ಟೇಬಲ್ಲಿನ ಮೇಲೆಯೇ ತೀರ್ಮಾನವಾಗಬೇಕಾಗುತ್ತದೆ.

ಆ ದಿನ ಆದದ್ದೂ ಅದೇ. ಸ್ಕೋಪ್ ಒಳಗೆ ಹೋದಾಗ ಒಳಗುಬ್ಬಿಯಲ್ಲಿ ಬರಿಯ ಕುಳಿ ಕಂಡಿತು. ಅಂಚು ಸವರಿ ಪ್ರೋಬಿನಿಂದ (ಕೊಕ್ಕೆಯಂಥ ತೆಳು ಕಡ್ಡಿ) ಅಳೆದರೆ ಉದ್ದ 22 ಮಿ.ಮೀ., ಅಗಲ 16 ಮಿ.ಮೀ.; ವರದಿಯ ಎರಡು ಪಟ್ಟಿಗೂ ಹೆಚ್ಚು. ಹೊರಬದಿಯ ಗಟರಿನ (ಕೀಲಿನ ಪಕ್ಕದ ಸಂದು) ಕಡೆ ಸ್ಕೋಪ್ ತಿರುಗಿಸುತ್ತಿದ್ದಂತೆ ಬಿಳಿಯ ತುಣುಕೊಂದು ನೀರಿನಲ್ಲಿ ತೇಲಿ ಬಂತು. ಹೊರತೆಗೆದು ಬೆರಳ ಮೇಲಿಟ್ಟು ನೋಡಿದೆವು. ಒಂದು ಮುಖ ನುಣುಪಾಗಿತ್ತು, ಹಿಂಬದಿಗೆ ಮೂಳೆಯ ತೆಳು ಪದರ ಅಂಟಿಕೊಂಡಿತ್ತು. ಅದು ಆ ಕುಳಿಯ ತುಣುಕೇ ಆಗಿತ್ತು. ಮೂಳೆ ಇರುವ ತುಣುಕು ಮತ್ತೆ ಕೂಡಿಕೊಳ್ಳಬಲ್ಲದು. ಸ್ವಂತ ಕಾರ್ಟಿಲೇಜಿಗೆ ಸಮನಾದ ಬದಲಿ ವಸ್ತು ಇಂದಿಗೂ ನಮ್ಮ ಕೈಯಲ್ಲಿಲ್ಲ. ಆದರೆ ಅದನ್ನು ಕೂರಿಸುವ ಸ್ಕ್ರೂ ಓಟಿಯಲ್ಲಿರಲಿಲ್ಲ.

ತುಣುಕು ಎಸೆದು ಮೈಕ್ರೋಫ್ರ್ಯಾಕ್ಚರ್ ಮಾಡಿದ್ದರೆ ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತು, ಕಾಗದವೂ ಸರಿಹೋಗುತ್ತಿತ್ತು. ಸೀನಿಯರ್ ಸರ್ ನನ್ನ ಮುಖ ನೋಡಿದರು; ಕಾಯೋಣವೆಂದು ನಾನು ಹೇಳಿದೆ, ಅವರು ಒಪ್ಪಿದರು. ತೊಡೆಗೆ ಬಿಗಿದು ರಕ್ತ ತಡೆಯುವ ಟೂರ್ನಿಕೆ ಇಳಿಸಿದೆವು. ಸ್ಕ್ರೂ ಕಂಪನಿಯ ಹುಡುಗನಿಗೆ ಫೋನು ಹೋಯಿತು, ಅವನು ಊರಿನ ಇನ್ನೊಂದು ತುದಿಯಲ್ಲಿದ್ದ. ಸ್ಕ್ರಬ್ ಸಿಸ್ಟರ್ ತುಣುಕನ್ನು ಸಲೈನಿನ ಬಟ್ಟಲಿನಲ್ಲಿಟ್ಟು ಮುಚ್ಚಿ, ಯಾರೂ ತ್ಯಾಜ್ಯವೆಂದು ಎತ್ತದಿರಲೆಂದು ಟ್ರಾಲಿಯ ಪಕ್ಕದಿಂದ ಕದಲಲೇ ಇಲ್ಲ. ಬೆನ್ನಿಗೆ ಕೊಟ್ಟ ಸ್ಪೈನಲ್ ಅರಿವಳಿಕೆ ಇಳಿಯುವ ಹೊತ್ತನ್ನು ಅನಸ್ತೇಶಿಯಾ ಮೇಡಂ ಮತ್ತೆ ಮತ್ತೆ ನೆನಪಿಸುತ್ತಿದ್ದರು. ಪರದೆಯಾಚೆ ಎಚ್ಚರವಾಗಿಯೇ ಮಲಗಿದ್ದ ಹುಡುಗ ಎಲ್ಲವನ್ನೂ ಕೇಳಿಸಿಕೊಂಡು, “ಸರ್, ಆ ತುಂಡು ನಂದೇನ್ರಿ?” ಎಂದು ಕೇಳಿದ.

ಅವನು ಅಪ್ರಾಪ್ತನಾದ್ದರಿಂದ ಹೊಸ ವಿಧಾನಕ್ಕೆ ತಂದೆಯ ಸಹಿ ಬೇಕಿತ್ತು, ನಾನು ಗೌನ್ ಬಿಚ್ಚಿ ಹೊರಗೆ ಹೋದೆ. ಸಹಿಗೆ ಮೊದಲೇ ತರಬೇತುದಾರರು, “ಯಾವುದ್ರಾಗ ಲಗೂನ ಆಡ್ತಾನ್ರಿ ಸಾಹೇಬ್ರ?” ಎಂದರು. ತಂದೆ ಅವರನ್ನು ತಡೆದು, “ಮುಂದ ನಲವತ್ತಕ್ಕ ನೆಟ್ಟಗ ನಡೀಬೇಕ್ರಿ, ಅದನ್ನ ನೋಡ್ರಿ” ಎಂದು ಸಹಿ ಹಾಕಿದರು. ಯುವ ಆಟಗಾರರ ಕಾರ್ಟಿಲೇಜ್ ಚಿಕಿತ್ಸೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯನ್ನು ಆ ರೈತ ತಂದೆ ಕೇಳಿದ್ದರೆಂದೇ ನಾನು ನಂಬಿದ್ದೇನೆ.

ಸ್ಕ್ರೂ ಬಂದ ಮೇಲೆ ಕುಳಿಯ ತಳವನ್ನು ಕೆರೆದು, ರಕ್ತ ಜಿನುಗುವಂತೆ ಡ್ರಿಲ್ ಮಾಡಿ, ಊದಿಕೊಂಡಿದ್ದ ತುಣುಕಿನ ಅಂಚನ್ನು ಕೊಂಚ ಸವರಿ ಎರಡು ಸ್ಕ್ರೂಗಳಿಂದ ಕೂರಿಸಿದೆವು. ಆರು ವಾರ ಕಾಲೂರುವಂತಿರಲಿಲ್ಲ. ಮೂರು ತಿಂಗಳ ಬಳಿಕ ಸ್ಕ್ರೂ ತೆಗೆಯಲು ಒಳಹೋದಾಗ ತುಣುಕು ಪ್ರೋಬಿಗೆ ಅಲುಗಲಿಲ್ಲ.

ತುಣುಕು ಪುಡಿಯಾಗಿದ್ದರೆ ಬೇರೆ ದಾರಿ ಹಿಡಿಯಬೇಕಿತ್ತು. ಮಂಡಿಯ ಕಡಿಮೆ ಭಾರದ ಜಾಗದಿಂದ ಮೂಳೆಸಹಿತ ಕಾರ್ಟಿಲೇಜಿನ ಚಿಕ್ಕ ಸ್ತಂಭಗಳನ್ನು ಕಿತ್ತು ಗಾಯದಲ್ಲಿ ನೆಡುವ ಮೊಸಾಯಿಕ್‌ಪ್ಲಾಸ್ಟಿಯನ್ನು ಹಂಗರಿಯ ಲಾಸ್ಲೊ ಹ್ಯಾಂಗೊಡಿ ಬೆಳೆಸಿದರು. ಆಟಕ್ಕೆ ಬೇಗ ಮರಳಲು ಅದು ಒಳ್ಳೆಯದು, ಆದರೆ ಗಾಯ ದೊಡ್ಡದಾದಷ್ಟೂ ಕೀಳುವ ಜಾಗದ ನೋವು ಹೆಚ್ಚುತ್ತದೆ. ರೋಗಿಯ ಕೋಶಗಳನ್ನೇ ಪ್ರಯೋಗಾಲಯದಲ್ಲಿ ಬೆಳೆಸಿ ಮತ್ತೆ ಕಸಿ ಮಾಡುವ ವಿಧಾನವನ್ನು ಸ್ವೀಡನ್ನಿನ ವೈದ್ಯರು 1994ರಲ್ಲಿ ಪ್ರಕಟಿಸಿದರು. ದೊಡ್ಡ ಗಾಯಕ್ಕೆ ಅದು ಹೊಂದುತ್ತದೆ, ಆದರೆ ಎರಡು ಶಸ್ತ್ರಚಿಕಿತ್ಸೆ, ಭಾರಿ ಖರ್ಚು ಮತ್ತು ಹೆಚ್ಚುಕಡಿಮೆ ಒಂದು ವರ್ಷದ ಕಾಯುವಿಕೆ ಬೇಕು. ಬೆಳವಣಿಗೆ ನಿಂತಿರದ ಚಿಕ್ಕ ಮಕ್ಕಳಲ್ಲಿ ತುಣುಕು ಇನ್ನೂ ಜಾಗದಲ್ಲೇ ಗಟ್ಟಿಯಾಗಿದ್ದರೆ, ಕೆಲವು ತಿಂಗಳು ಆಟ ನಿಲ್ಲಿಸಿದರೆ ಸಾಕು, ಎಷ್ಟೋ ಸಲ ಚಾಕುವೇ ಬೇಡ. ಈ ಮಾತನ್ನು ನಂಬುವ ತರಬೇತುದಾರರು ಕಡಿಮೆ.

ಪಂದ್ಯಕ್ಕೆ ಮುನ್ನ ಮಂಡಿಗೆ ಸ್ಟೀರಾಯ್ಡ್ ಚುಚ್ಚಿಸಿಕೊಂಡು ಬರುವವರೂ ಇದ್ದಾರೆ. ಅದರಿಂದ ನೋವು ಅಡಗುತ್ತದೆ, ಕುಳಿ ತುಂಬುವುದಿಲ್ಲ. 2022ರ ಜನವರಿಯಿಂದ ಆ ಇಂಜೆಕ್ಷನ್ ಸ್ಪರ್ಧೆಯ ಅವಧಿಯಲ್ಲಿ ವಾಡಾದ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧದ ಪಟ್ಟಿಯಲ್ಲೂ ಇದೆ.

ಈಗ ನಮ್ಮ ಘಟಕದಲ್ಲಿ ಒಪ್ಪಿಗೆ ಪತ್ರದಲ್ಲಿ ಸಾಧ್ಯವಿರುವ ಎಲ್ಲ ವಿಧಾನಗಳನ್ನೂ ಬರೆದು, ತಂದೆತಾಯಿಗೆ ಕನ್ನಡದಲ್ಲಿ ಓದಿಹೇಳಿ ಸಹಿ ಪಡೆಯುತ್ತೇವೆ. ಎಂಆರ್‌ಐ ಆದ ಮೇಲೆ ಹುಡುಗರು ಆಡಿದ್ದರೆ ಅಥವಾ ಕಾಲು ಮತ್ತೆ ಸಿಕ್ಕಿಹಾಕಿಕೊಂಡಿದ್ದರೆ ಹೊಸದಾಗಿ ಎಂಆರ್‌ಐ ಮಾಡಿಸುತ್ತೇವೆ. ಹೆಡ್‌ಲೆಸ್ ಸ್ಕ್ರೂ ಸೆಟ್ ಒಂದು ಸದಾ ಓಟಿಯಲ್ಲೇ ಇರುತ್ತದೆ, ಬಳಸದಿದ್ದರೆ ಬಿಲ್ ಆಗುವುದಿಲ್ಲವೆಂದು ಕಂಪನಿಯಿಂದ ಬರೆಸಿಕೊಂಡಿದ್ದೇವೆ. ಇಂಡೆಂಟ್ ನಮೂನೆಯಲ್ಲಿ ಮಾತ್ರ ಈಗಲೂ ಒಂದೇ ಸಾಲಿದೆ, ಉಳಿದದ್ದನ್ನು ನಾನು ಹಿಂಬದಿಯಲ್ಲಿ ಬರೆದು ಕಳಿಸುತ್ತಿದ್ದೇನೆ.