ಒಂದೇ ಗೋಡೆಯ ಬಾಟಲಿ

ಪಂಪ್‌ಸೆಟ್ ರಿಪೇರಿಗೆ ಹೋಗುವವನಿಗೆ ಮಧ್ಯಾಹ್ನದ ಊಟ ಎಲ್ಲಿ ಸಿಗುತ್ತದೆ ಎಂದು ಬೆಳಿಗ್ಗೆ ಗೊತ್ತಿರುವುದಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಬಾಯಾರು, ಧರ್ಮತ್ತಡ್ಕ, ಪೆರ್ಲ ಕಡೆಯ ತೋಟದ ಮನೆಗಳಲ್ಲಿ ಉಣ್ಣದೆ ಕಳಿಸುವುದಿಲ್ಲ, ಅದು ನಿಜ. ಆದರೆ ಪಂಪು ಇರುವುದು ತೋಟದ ತಳದಲ್ಲಿ, ಮನೆ ಇರುವುದು ಗುಡ್ಡೆಯ ನೆತ್ತಿಯಲ್ಲಿ. ಮೋಟಾರು ಬಿಚ್ಚಿ ಹಾಕಿ, ಬೇರಿಂಗು ಹೊರಗೆ ತೆಗೆದು, ಕೈಯೆಲ್ಲ ಗ್ರೀಸು ಮಾಡಿಕೊಂಡು ಕೂತವನು ಊಟಕ್ಕೆಂದು ಗುಡ್ಡೆ ಹತ್ತಿ ಇಳಿಯುವುದು ಯಾರಿಗೆ ಬೇಕು? ಬುತ್ತಿ ಒಯ್ದರೆ ತಣ್ಣಗಾಗಿರುತ್ತದೆ. ನನಗೆ ಬೇಕಾದದ್ದು ಬಿಸಿ ಗಂಜಿ. ಆ ಒಂದು ಆಸೆಯಿಂದ, ನೀರಿನ ಬಾಟಲಿಯನ್ನೇ ಬೆಂಕಿಗೆ ಇಡುವ ಪಾತ್ರೆ ಮಾಡಿಕೊಂಡ ಕತೆ ಇದು.

ಮೊದಲು ಒಂದು ಹೆದರಿಕೆಯ ಘಟನೆ ಹೇಳಿಬಿಡುತ್ತೇನೆ. ನನ್ನ ಜೊತೆ ಕೆಲಸಕ್ಕೆ ಬರುವ ಹುಡುಗ ಒಂದು ದಿನ ತನ್ನ ಫ್ಲಾಸ್ಕನ್ನು ಕೆಂಡದ ಪಕ್ಕ ಇಟ್ಟ. ಚಹಾ ತಣ್ಣಗಾಗಿತ್ತು, ಬಿಸಿ ಮಾಡೋಣ ಅಂತ. ನಾನು ಪಂಪಿನ ಫುಟ್‌ವಾಲ್ವ್ ನೋಡುತ್ತಿದ್ದೆ, ಗಮನ ಇರಲಿಲ್ಲ. ಹತ್ತು ನಿಮಿಷದ ಮೇಲೆ ಪಟಾಕಿಯ ಹಾಗೆ ಶಬ್ದ. ಫ್ಲಾಸ್ಕಿನ ತಳದ ತಗಡು ಎದ್ದು ಹೋಗಿತ್ತು. ಯಾರಿಗೂ ತಾಗಲಿಲ್ಲ. ಚಹಾ ಮಾತ್ರ ಉಗುರು ಬೆಚ್ಚಗೆ ಕೂಡ ಆಗಿರಲಿಲ್ಲ.

ಯಾಕೆ ಹಾಗಾಯಿತು ಅಂದರೆ, ಫ್ಲಾಸ್ಕಿಗೆ ಎರಡು ಗೋಡೆ. ನಡುವೆ ಗಾಳಿ ಹೀರಿ ತೆಗೆದು ಮುಚ್ಚಿರುತ್ತಾರೆ. ಬಿಸಿ ಒಳಗಿನಿಂದ ಹೊರಗೆ ಹೋಗದ ಹಾಗೆ ಹೊರಗಿನಿಂದ ಒಳಗೂ ಬರುವುದಿಲ್ಲ. ಬೆಂಕಿಯ ಶಾಖವೆಲ್ಲ ಹೊರಗಿನ ಗೋಡೆಯಲ್ಲೇ ನಿಲ್ಲುತ್ತದೆ. ಹಳೆಯದಾಗಿ ಎಲ್ಲೋ ಸಂದಿಯಿಂದ ಗಾಳಿಯೋ ತೇವವೋ ಆ ನಡುವಿನ ಜಾಗಕ್ಕೆ ಸೇರಿದ್ದರೆ ಅದು ಬಿಸಿಗೆ ಹಿಗ್ಗುತ್ತದೆ. ಹೋಗಲು ದಾರಿ ಇಲ್ಲ, ಒಡೆದುಕೊಂಡು ಹೋಗುತ್ತದೆ. ಆದ್ದರಿಂದ ಬೆಂಕಿಗೆ ಇಡುವ ಬಾಟಲಿಗೆ ಒಂದೇ ಗೋಡೆ ಇರಬೇಕು. ಇದರಲ್ಲಿ ರಾಜಿ ಇಲ್ಲ.

ಅಂಗಡಿಯಲ್ಲಿ ಕಂಡುಹಿಡಿಯುವುದು ಸುಲಭ. ನಾನು ಕಾಸರಗೋಡು ಪೇಟೆಯ ಪಾತ್ರೆ ಅಂಗಡಿಗೆ ಹೋಗಿ ಬಿಸಿನೀರು ಕೇಳಿದೆ. ನಮ್ಮ ಕೇರಳದಲ್ಲಿ ಅದೊಂದು ಅನುಕೂಲ, ಪಕ್ಕದ ಹೋಟೆಲಿನಲ್ಲಿ ಕುಡಿಯಲಿಕ್ಕೆ ಬಿಸಿನೀರು ಯಾವಾಗಲೂ ಇರುತ್ತದೆ. ಬಾಟಲಿಗೆ ಹೊಯ್ದು ಹೊರಗೆ ಕೈ ಇಟ್ಟೆ. ಕೈ ಚುರುಕ್ ಅಂದರೆ ಒಂದೇ ಗೋಡೆ. ಹೊರಗೆ ತಣ್ಣಗೆ ಇದ್ದರೆ ವಾಪಸ್ ಕೊಡು. 'ಏಟ್ಟಾ (ಅಣ್ಣಾ), ಎಲ್ಲರೂ ಬಿಸಿ ನಿಲ್ಲುವ ಬಾಟಲಿ ಕೇಳುತ್ತಾರೆ, ನೀವು ನಿಲ್ಲದ್ದು ಕೇಳುತ್ತೀರಿ' ಅಂತ ಅಂಗಡಿಯವನು ಮಲೆಯಾಳದಲ್ಲಿ ನಕ್ಕ.

ಅವನು ಒಂದು ಅಯಸ್ಕಾಂತ ತಂದು ಬಾಟಲಿಗೆ ಹಿಡಿದು ತೋರಿಸಿದ. ಅಂಟಲಿಲ್ಲ. 'ನೋಡಿ, ಒಳ್ಳೆಯ ಸ್ಟೀಲು' ಅಂದ. ಈ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. 304 ನಂಬ್ರದ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ, ಸರಿ. ಆದರೆ ಅಗ್ಗದ 202 ನಂಬ್ರದ್ದಕ್ಕೂ ಅಂಟುವುದಿಲ್ಲ. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ, ತುಕ್ಕು ಬೇಗ ಹಿಡಿಯುತ್ತದೆ. 304ರಲ್ಲಿ ನೂರಕ್ಕೆ ಕ್ರೋಮಿಯಂ ಸುಮಾರು 18 ಪಾಲು, ನಿಕ್ಕಲ್ 8 ಪಾಲು. ಅದಕ್ಕೇ ಕೆಲವು ಬಾಟಲಿಯ ತಳದಲ್ಲಿ 18/8 ಅಂತ ಒತ್ತಿರುತ್ತಾರೆ. ನಾನು ತಳ ನೋಡಿಯೇ ತೆಗೆದುಕೊಂಡೆ. ಒಂದು ಲೀಟರಿನದ್ದು, ಬಾಯಿ ಅಗಲ. ಕೋಳಿಮೊಟ್ಟೆ ಒಳಗೆ ಹೋಗುವಷ್ಟು ಅಗಲ ಇರಬೇಕು ಎಂಬುದು ನನ್ನ ಅಳತೆ. ಮೊಟ್ಟೆ ಹೋದರೆ ಚಮಚವೂ ಹೋಗುತ್ತದೆ, ತೊಳೆಯಲು ಬ್ರಷ್ಷೂ ಹೋಗುತ್ತದೆ.

ಇನ್ನು ನನ್ನ ದಡ್ಡತನ. ಬೆಂಕಿಯ ಮೇಲೆ ತೂಗಿಸಲು ಬಾಟಲಿಗೆ ಹಿಡಿ ಬೇಕಲ್ವಾ? ಕೈಯಲ್ಲಿ ಡ್ರಿಲ್ ಇರುವವನಿಗೆ ಎಲ್ಲ ಕಡೆ ತೂತು ಮಾಡುವ ಚಪಲ. ಕುತ್ತಿಗೆಯಲ್ಲಿ, ಮುಚ್ಚಳ ತಿರುಗಿಸಿ ಕೂರಿಸುವ ಮರೆ (ತಿರುಪು) ಇರುವಲ್ಲಿ, ಎದುರುಬದುರು ಎರಡು ತೂತು ಹೊಡೆದೆ. ಸ್ಟೇನ್‌ಲೆಸ್ ಸ್ಟೀಲಿಗೆ ತೂತು ಹೊಡೆಯುವುದೂ ಸುಮ್ನೆ ಅಲ್ಲ. ಜೋರಾಗಿ ತಿರುಗಿಸಿದರೆ ಲೋಹ ಅಲ್ಲೇ ಗಟ್ಟಿಯಾಗಿ, ಡ್ರಿಲ್ಲಿನ ಬಿಟ್ ಸುಟ್ಟುಹೋಗುತ್ತದೆ. ಒಳಗೆ ಅಡಿಕೆ ಮರದ ತುಂಡು ತುರುಕಿ, ಎಣ್ಣೆ ಬಿಟ್ಟು, ನಿಧಾನ ತಿರುಗಿಸಿ, ಒತ್ತಿ ಹಿಡಿದು ಹೊಡೆದೆ. ಬಹಳ ಚಂದ ಬಂತು. ಅರದಲ್ಲಿ ಅಂಚು ಉಜ್ಜಿ ನುಣುಪು ಮಾಡಿದೆ. ಮರುದಿನ ನೀರು ತುಂಬಿಸಿ ಮುಚ್ಚಳ ಹಾಕಿ ಚೀಲಕ್ಕೆ ಹಾಕಿದೆ. ಮುಚ್ಚಳದ ರಬ್ಬರು ಕೂರುವುದು ಬಾಯಿಯ ಅಂಚಿನ ಮೇಲೆ, ನನ್ನ ತೂತು ಇರುವುದು ಅದಕ್ಕಿಂತ ಕೆಳಗೆ. ನೀರು ತೂತಿನಿಂದ ಹೊರಬಂದು, ಮರೆಯ ಸುತ್ತ ತಿರುಗಿ, ಚೀಲದಲ್ಲಿದ್ದ ಮಲ್ಟಿಮೀಟರಿನ ಮೇಲೆ ಇಳಿದಿತ್ತು. ಬಾಟಲಿಗೂ ದಂಡ, ಮೀಟರಿಗೂ ದಂಡ.

ಎರಡನೇ ಬಾಟಲಿಗೆ ತೂತೇ ಇಲ್ಲ. ಮರೆಯ ಕೆಳಗೆ ಕುತ್ತಿಗೆ ಸಣ್ಣದಾಗುವಲ್ಲಿ ಸರಿಗೆಯನ್ನು ಎರಡು ಸುತ್ತು ಸುತ್ತಿ, ಎರಡು ಬದಿಗೆ ಕಿವಿಯ ಹಾಗೆ ತಿರುಚಿ, ಆ ಕಿವಿಗಳಿಗೆ ಬಾಲ್ದಿಯ ಹಿಡಿಯಂಥ ಒಂದು ಬಳೆ ಸಿಕ್ಕಿಸಿದೆ. ಬೇಡದಾಗ ಬದಿಗೆ ಮಡಚಿಕೊಳ್ಳುತ್ತದೆ. ಇದಕ್ಕೆ 16 ಗೇಜಿನ ಸ್ಟೀಲ್ ಸರಿಗೆ ಸಾಕು. ಅರ್ತಿಂಗಿಗೆ ಬಳಸುವ ಜಿಐ ಸರಿಗೆ ಮನೆಯಲ್ಲಿ ಸುರುಳಿಗಟ್ಟಲೆ ಬಿದ್ದಿತ್ತು. ಅದನ್ನು ಮುಟ್ಟಲಿಲ್ಲ. ಅದರ ಮೇಲಿನ ಬಿಳಿ ಲೇಪ ಸತುವಿನದ್ದು, 420 ಡಿಗ್ರಿಗೆ ಕರಗುತ್ತದೆ. ಗಾಳಿ ಬೀಸಿದ ಕೆಂಡ ಅದಕ್ಕಿಂತ ಎಷ್ಟೋ ಬಿಸಿ. ಸತುವಿನ ಬಿಳಿ ಹೊಗೆ ಕುಡಿದು ಚಳಿಜ್ವರ ಬಂದ ವೆಲ್ಡರುಗಳನ್ನು ಕೇಳಿ ನೋಡಿ, ಹೇಳುತ್ತಾರೆ.

ಬಾಟಲಿಯ ಮೇಲೆ ಹಸಿರು ಬಣ್ಣ ಇತ್ತು, ನೋಡಲು ಚಂದ. ಎರಡು ಸಂಜೆ ಕೂತು ಮರಳು ಕಾಗದದಲ್ಲಿ ಪೂರಾ ಉಜ್ಜಿ ತೆಗೆದೆ, ಮೂಗಿಗೆ ಬೈರಾಸು ಕಟ್ಟಿಕೊಂಡು. ಬೆಂಕಿಗೆ ಇಡುವಾಗ ಪ್ಲಾಸ್ಟಿಕ್ ಮುಚ್ಚಳ ಚೀಲದಲ್ಲೇ ಇರಬೇಕು. ಒಂದು ಕರಗುತ್ತದೆ ಎಂದು, ಇನ್ನೊಂದು, ಮುಚ್ಚಳ ಬಿಗಿದ ಬಾಟಲಿಯನ್ನು ಕಾಯಿಸಿದರೆ ಅದು ಬಾಟಲಿ ಅಲ್ಲ, ಸಿಡಿಮದ್ದಿನ ಗರ್ನಾಲು.

ಬೆಂಕಿಯಲ್ಲಿ ಮುಚ್ಚಲು ಏನು? ಅದಕ್ಕೆ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಬಾಟಲಿಯನ್ನೇ ಅಂಗಡಿಗೆ ಹೊತ್ತುಕೊಂಡು ಹೋಗಿ ಒಂದೊಂದೇ ಡಬ್ಬಿಗೆ ತೂರಿಸಿ ನೋಡಿದೆ. ಲೋಟ ಆಗುವುದಿಲ್ಲ, ಕೆಳಗೆ ಸಣ್ಣ ಆಗುತ್ತಾ ಹೋಗುತ್ತದೆ. ನೇರ ಗೋಡೆಯ ಡಬ್ಬಿಯೇ ಬೇಕು. ಈಗ ಅದು ಬಾಟಲಿಯ ತಳಕ್ಕೆ ಚಪ್ಪಲಿಯ ಹಾಗೆ ಕೂರುತ್ತದೆ, ಜಾಗ ತಿನ್ನುವುದಿಲ್ಲ. ತೂತು ಹೊಡೆಯುವ ಚಪಲ ಇದರ ಅಂಚಿನಲ್ಲಿ ತೀರಿಸಿಕೊಂಡೆ, ಸರಿಗೆಯ ಹಿಡಿ ಹಾಕಿದೆ. ಚಹಾಕ್ಕೆ ಲೋಟ ಅದೇ, ಗಂಜಿಗೆ ಬಟ್ಟಲು ಅದೇ, ಬೋರಲು ಹಾಕಿದರೆ ಬೆಂಕಿಯ ಮೇಲೆ ಬಾಟಲಿಗೆ ಮುಚ್ಚಳವೂ ಅದೇ.

ಒಲೆಗೆ ಮೂರು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ತುಂಡು. ಹೊಳೆಯ ಕಲ್ಲು ಬೇಡ, ಅದರೊಳಗೆ ನೀರು ಹೀರಿದ್ದರೆ ಬೆಂಕಿಗೆ ಸಿಡಿಯುತ್ತದೆ. ಸೌದೆಗೆ ತೋಟದಲ್ಲಿ ಬರಗಾಲ ಇಲ್ಲ. ತೆಂಗಿನ ಮಡಲು (ಗರಿ) ಹೊತ್ತಿಸಿ, ಮೇಲೆ ಎರಡು ಗೆರಟೆ, ಅಂದರೆ ತೆಂಗಿನ ಚಿಪ್ಪು. ಗೆರಟೆಯ ಕೆಂಡದ ಮುಂದೆ ಬೇರೆ ಯಾವುದೂ ಇಲ್ಲ, ಹೊಗೆ ಕಡಿಮೆ, ಶಾಖ ಜಾಸ್ತಿ. ಕಷ್ಟ ಇರುವುದು ಮಳೆಗಾಲದಲ್ಲಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಆಷಾಢದಲ್ಲಿ ಬೆಂಕಿಪೊಟ್ಟಣವೇ ಬೆವರುತ್ತದೆ. ಅದಕ್ಕೆ ಡಬ್ಬಿ ಮತ್ತು ಬಾಟಲಿಯ ತಳದ ನಡುವಿನ ಸಣ್ಣ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಪೊಟ್ಟಣ ಇಟ್ಟಿದ್ದೇನೆ. ಒಳಗೆ ಒಂದು ಲೈಟರು, ಒಣ ತೆಂಗಿನ ನಾರು, ಧೂಪದ ಮರದ ರಾಳ ನಾಲ್ಕು ತುಂಡು. ರಾಳ ಒದ್ದೆ ಸೌದೆಯನ್ನೂ ಒಪ್ಪಿಸುತ್ತದೆ.

ಎಲ್ಲಿ ಬೆಂಕಿ ಹಾಕಬಾರದು ಎಂಬುದೂ ಗೊತ್ತಿರಬೇಕು. ಮಾಘ ಕಳೆದ ಮೇಲೆ ಪೊಸಡಿ ಗುಂಪೆಯಂಥ ಗುಡ್ಡೆಯಲ್ಲಿ ಮುಳಿಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ರಾಣಿಪುರದಂಥ ಕಾಡಿನಲ್ಲಂತೂ ಅರಣ್ಯ ಇಲಾಖೆಯ ಕಾನೂನೇ ಇದೆ. ಅಲ್ಲಿಗೆ ಹೋಗುವಾಗ ನನ್ನ ಬಾಟಲಿ ಬರೀ ಬಾಟಲಿ.

ಒಲೆಗೆ ಇಡುವ ಮೊದಲು ಬಾಟಲಿಯ ಹೊರಗೆ ಪಾತ್ರೆ ತೊಳೆಯುವ ಸಾಬೂನು ಬಳಿದರೆ ಮಸಿ ನೀರಿಗೆ ಹಿಡಿದ ಕೂಡಲೇ ಬಿಡುತ್ತದೆ. ಅಮ್ಮ ಹಿಂದೆ ಬೂದಿ ಕಲಸಿ ಬಳಿಯುತ್ತಿದ್ದರು, ಉಪಾಯ ಅದೇ. ನೀಲಿ, ನೇರಳೆ, ಹೊಂಬಣ್ಣ ಬಂದರೆ ಮಾತ್ರ ಹೋಗುವುದಿಲ್ಲ. ಅದು ಕೊಳೆ ಅಲ್ಲ, ಬಿಸಿಗೆ ಸ್ಟೀಲಿನ ಮೇಲಿನ ತೆಳು ಪದರ ದಪ್ಪವಾಗಿ ಕಾಣುವ ಬಣ್ಣ. ನನಗೆ ಈಗ ಅದೇ ಹಸಿರು ಬಣ್ಣಕ್ಕಿಂತ ಇಷ್ಟ.

ನೀರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಒಬ್ಬ ಮನುಷ್ಯ ನಡೆದು ಹೋಗುವಷ್ಟು ಅಗಲ, ಮುರಕಲ್ಲಿನಿಂದ ಒಸರಿದ ನೀರು ಪಂಪು ಇಲ್ಲದೆ ತಾನೇ ಹರಿದು ಕೆರೆಗೆ ಬರುತ್ತದೆ. (ನನ್ನ ಹೊಟ್ಟೆಪಾಡಿಗೆ ಕಲ್ಲು ಹಾಕುವ ವ್ಯವಸ್ಥೆ ಅದು, ಆದರೂ ಅದರ ಮೇಲೆ ನನಗೆ ಗೌರವ.) ನೀರು ಕನ್ನಡಿಯ ಹಾಗೆ ಇರುತ್ತದೆ, ಒಳಗೆ ಬಾವಲಿಗಳೂ ಇರುತ್ತವೆ. ಹಾಗಾಗಿ ಕುದಿಸುತ್ತೇನೆ. ಗುಳುಗುಳು ಅಂತ ಪೂರ್ತಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಎರಡು ಸಾವಿರ ಮೀಟರ್ ಮೇಲಿನ ಬೆಟ್ಟದಲ್ಲಾದರೆ ಮೂರು ನಿಮಿಷ ಬೇಕು, ನಮ್ಮ ಗುಡ್ಡೆಗಳು ಅಷ್ಟು ಎತ್ತರ ಇಲ್ಲ. ಕಾಮಾಲೆಯ ರೋಗಾಣುವಿಗೆ, ನೆರೆ ಇಳಿದ ಮೇಲೆ ಬರುವ ಇಲಿಜ್ವರದ ರೋಗಾಣುವಿಗೆ ಇದು ಸಾಕು.

ಆದರೆ ಕುದಿಸಿದರೆ ಕ್ರಿಮಿ ಸಾಯುತ್ತದೆ, ವಿಷ ಹೋಗುವುದಿಲ್ಲ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಪಡ್ರೆ, ಸ್ವರ್ಗ ಕಡೆ ಕೆಲಸಕ್ಕೆ ಹೋದಾಗ ಆ ವಿಷಕ್ಕೆ ಸಿಕ್ಕಿ ನರಳಿದ ಮನೆಗಳ ಮಕ್ಕಳನ್ನು ಜಗಲಿಯಲ್ಲಿ ನೋಡಿದ್ದೇನೆ. ಈಗ ಮಕ್ಕಳಲ್ಲ, ನನ್ನ ಪ್ರಾಯದವರು. ಬಾಟಲಿಯೊಂದು ಜೀವ ಉಳಿಸುತ್ತದೆ ಅಂತ ಯಾರಾದರೂ ಜಂಬದಲ್ಲಿ ಹೇಳಿದಾಗ ನನಗೆ ಆ ಜಗಲಿಗಳು ನೆನಪಾಗುತ್ತವೆ. ತೋಟಕ್ಕೆ ಮದ್ದು ಬಿಟ್ಟ ವಾರ ಅಲ್ಲಿನ ತೋಡಿನ ನೀರನ್ನು ನಾನು ಕುದಿಸಿಯೂ ಕುಡಿಯುವುದಿಲ್ಲ, ಮನೆಯಿಂದ ಒಯ್ಯುತ್ತೇನೆ.

ಇನ್ನು ಗಂಜಿ. ಕುಚ್ಚಲಕ್ಕಿ ಬೇಯಲು ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತು ಬೆಂಕಿ ಕಾಯುತ್ತಾ ಕೂತರೆ ಮೋಟಾರು ಯಾರು ಜೋಡಿಸುವುದು? ಒಂದೇ ಗೋಡೆಯ ಬಾಟಲಿಯಲ್ಲಿ ಬಿಸಿಯೂ ನಿಲ್ಲುವುದಿಲ್ಲ. ಅದಕ್ಕೆ ಉತ್ತರ ಅಟ್ಟದಲ್ಲಿತ್ತು. ಹಿಂದೆ ಅಕ್ಕಿಯನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟುತ್ತಿದ್ದರಲ್ಲ, ಹಾಗೆ ಬಾಟಲಿಗೊಂದು ಅಂಗಿ ಮಾಡಿದೆ. ಒಳಗೆ ಮೂರು ಬೆರಳು ದಪ್ಪ ಬೈಹುಲ್ಲು, ಹೊರಗೆ ಅಡಿಕೆ ಹಾಳೆ. ಹಾಳೆಯನ್ನು ರಾತ್ರಿ ನೆನೆಸಿದರೆ ಬೆಳಿಗ್ಗೆ ಬಟ್ಟೆಯ ಹಾಗೆ ಬಾಗುತ್ತದೆ, ಸುತ್ತಿ ತೆಂಗಿನ ಹಗ್ಗದಲ್ಲಿ ಬಿಗಿದು ಬಿಸಿಲಿಗೆ ಇಟ್ಟರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಮೊದಲನೆಯದು ಮಳೆಗೆ ಬೂಸ್ಟು ಹಿಡಿಯಿತು. ಈಗಿನದ್ದು ಮೂರನೆಯದು.

ಬೆಳಿಗ್ಗೆ ಮನೆ ಬಿಡುವಾಗ ಒಂದು ಹಿಡಿ ಕುಚ್ಚಲಕ್ಕಿ, ಮುಕ್ಕಾಲು ಬಾಟಲಿ ನೀರು. ದಾರಿಯಲ್ಲೇ ನೆನೆಯುತ್ತದೆ. ಹನ್ನೊಂದೂವರೆಗೆ ಒಲೆಗೆ ಇಟ್ಟು ಒಂದು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಡಬ್ಬಿ ಬೋರಲು ಹಾಕಿ, ಅಂಗಿಯೊಳಗೆ ಇಳಿಸಿ, ಮೇಲೂ ಒಂದು ಹಿಡಿ ಹುಲ್ಲು. ಒಂದು ಗಂಟೆಗೆ ತೆಗೆದರೆ ಅಕ್ಕಿ ಅರಳಿರುತ್ತದೆ, ನಾಲಿಗೆ ಸುಡುವಷ್ಟು ಬಿಸಿ ಇರುತ್ತದೆ. ಉಪ್ಪು ಬಟ್ಟಲಿಗೆ ಹಾಕಿಕೊಳ್ಳುವುದು, ಬಾಟಲಿಗೆ ಅಲ್ಲ. ಉಪ್ಪಿನ ಗಂಜಿ ರಾತ್ರಿಯಿಡೀ ಉಳಿದರೆ ಸ್ಟೀಲಿಗೂ ಚುಕ್ಕೆ ಬೀಳುತ್ತದೆ. ಜೊತೆಗೆ ಒಂದು ಮಾವಿನ ಮಿಡಿ. ಮುಗಿಯಿತು.

ಇಷ್ಟೆಲ್ಲ ಮಾಡಿ ಮನೆಯಲ್ಲಿ ತೋರಿಸಿದಾಗ ಅಮ್ಮ ಹೇಳಿದ್ದು, 'ಎಂತ ಮಾರಾಯ, ಒಂದು ಚೆಂಬು ಕೊಂಡುಹೋಗಿದ್ದರೆ ಸಾಕಿತ್ತಲ್ಲ?'

ಉತ್ತರ ಇರಲಿಲ್ಲ. ಆದರೆ ಕಳೆದ ಆಟಿ ತಿಂಗಳಲ್ಲಿ ಮೂರು ದಿನ ಕರೆಂಟು ಇಲ್ಲದೆ, ಹೊರಗೆ ಬಿಡದೆ ಮಳೆ ಹೊಡೆಯುವಾಗ, ಅಮ್ಮನ ಮಂಡಿನೋವು ಜೋರಾಯಿತು. ಬಚ್ಚಲೊಲೆಯಲ್ಲಿ ನೀರು ಕಾಯಿಸಿ ಬಾಟಲಿಗೆ ತುಂಬಿಸಿ, ಮುಚ್ಚಳ ಬಿಗಿದು, ಬೋರಲು ಹಿಡಿದು ಸೋರುವುದಿಲ್ಲ ಎಂದು ನೋಡಿ, ಹಳೆ ಸೀರೆ ಸುತ್ತಿ ಅವರ ಕಾಲಿನ ಹತ್ತಿರ ಇಟ್ಟೆ. ಒಂದೇ ಗೋಡೆ ಅಲ್ವಾ, ಬಿಸಿ ಸೀರೆಯ ಮೂಲಕ ಹದವಾಗಿ ಬರುತ್ತದೆ. ಫ್ಲಾಸ್ಕಿನಿಂದ ಆ ಕೆಲಸ ಆಗುವುದಿಲ್ಲ.

ಈಗ ಮಳೆಗಾಲದಲ್ಲಿ ಬಾಟಲಿ ಅಮ್ಮನದ್ದು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹಾಸಿಗೆಯ ಹತ್ತಿರ ಹೋಗಿ ಕೇಳಿ ತೆಗೆದುಕೊಳ್ಳಬೇಕು. 'ಸಂಜೆಯೊಳಗೆ ತಾ, ಮಸಿ ತೊಳೆದು ತಾ' ಅನ್ನುತ್ತಾರೆ. ತೂತು ಹೊಡೆದ ಮೊದಲನೇ ಬಾಟಲಿಯಲ್ಲಿ ಹಿತ್ತಿಲಿನ ಬಾಗಿಲ ಬಳಿ ವೀಳ್ಯದೆಲೆಯ ಬಳ್ಳಿ ನೆಟ್ಟಿದ್ದಾರೆ.